ತೊಂಬತ್ತಮೂರು ಕಿಲೋಮೀಟರ್ ಓಡಿದ ಕಾರು

ಭೂಮಿ ನಡುಗಿದ ಆ ಮೇ ತಿಂಗಳಲ್ಲಿ ಮಿರಾಂದೊಲ ಪಟ್ಟಣದ ಸುತ್ತಮುತ್ತಲಿನವರೆಲ್ಲ ತಮ್ಮ ತಮ್ಮ ಕಾರುಗಳಲ್ಲೇ ಮಲಗುತ್ತಿದ್ದರು. ಇಪ್ಪತ್ತನೇ ತಾರೀಖಿನ ನಸುಕಿನಲ್ಲಿ ಮೊದಲ ಕಂಪನ ಬಂದಾಗಿನಿಂದ ಚಾವಣಿಯ ಕೆಳಗೆ ಕಾಲಿಡುವುದೆಂದರೆ ಎಲ್ಲರಿಗೂ ದಿಗಿಲು. ಮರಸೇಬಿನ ತೋಟದ ಪಕ್ಕದ ಬಯಲಿನಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಕಿಟಕಿಗಳಿಗೆ ಟವೆಲು, ಹಾಸಿಗೆ ವಸ್ತ್ರ ಕಟ್ಟಿಕೊಂಡು, ಸೀಟು ಮಲಗಿಸಿ, ಕಾಲು ಮಡಚಿ ಜನ ಹೇಗೋ ಬೆಳಗು ಮಾಡುತ್ತಿದ್ದರು. ಎರ್ಮೆಸ್ ಗಾವಿಯೋಲಿ ಮತ್ತು ಅವನ ಹೆಂಡತಿ ವೇಲಿಯಾ ಮಾತ್ರ ಡೇರೆಯಲ್ಲಿದ್ದರು. ಅವರ ದಿನಬಳಕೆಯ ಚಿಕ್ಕ ಕಾರಿನ ಮೇಲೆ ಮನೆಯ ಹೊಗೆಗೂಡು ಕುಸಿದು ಬಿದ್ದಿತ್ತು. ಇನ್ನೊಂದು, ಕೆಂಪು ಬಣ್ಣದ ಕಾರು, ಕೊಟ್ಟಿಗೆಯಲ್ಲಿತ್ತು. ಅದರಲ್ಲಿ ಮಲಗುವ ಮಾತು ಹಾಗಿರಲಿ, ಬರಿಗೈಯಲ್ಲಿ ಅದನ್ನು ಮುಟ್ಟುವಂತೆಯೂ ಇರಲಿಲ್ಲ.

ಹಂದಿ ಸಾಕುವ ನೆರೆಯವ ಇವಾನೊಗೆ ಈ ವಿಷಯದಲ್ಲಿ ಮಾತಾಡದಿದ್ದರೆ ತಿಂದದ್ದು ಕರಗುತ್ತಿರಲಿಲ್ಲ. "ವೇಲಿಯಾ, ಆ ಕೆಂಪು ಮಹಾರಾಣೀನ ಒಂದು ಮಾತು ಕೇಳಿ ನೋಡು. ಒಂದು ಸೀಟು ನಿಂಗೆ ಬಿಟ್ಟುಕೊಟ್ಟಾಳೇನೋ. ಎರ್ಮೆಸ್‌ನ ಬೇಕಾದ್ರೆ ನಮ್ಮ ಹಂದಿಗಳ ಜೊತೆ ಮಲಗಿಸೋಣ" ಎನ್ನುತ್ತಿದ್ದ. ವೇಲಿಯಾ ನಗುತ್ತಿದ್ದಳು. ಎರ್ಮೆಸ್ ನಗುತ್ತಿರಲಿಲ್ಲ.

ಅವನು ಡಯಾಲಿಸಿಸ್ ಯಂತ್ರಕ್ಕೆ ಬೇಕಾದ ಪ್ಲಾಸ್ಟಿಕ್ ಕೊಳವೆಗಳ ಕಾರ್ಖಾನೆ ನಡೆಸಿ ದುಡ್ಡು ಮಾಡಿದವನು. ಇಪ್ಪತ್ತು ವರ್ಷದ ಹಿಂದೆ, ಮೂರು ವರ್ಷ ಸರದಿಯಲ್ಲಿ ಕಾದು, ಮೋಡೆನಾ ಬದಿಯ ಕಾರ್ಖಾನೆಯಿಂದ ಆ ಕಾರನ್ನು ತಾನೇ ಓಡಿಸಿಕೊಂಡು ತಂದಿದ್ದ. ಕಾರ್ಖಾನೆಯವರು ಪರೀಕ್ಷೆಗೆ ಓಡಿಸಿದ್ದೂ ಸೇರಿ ಮೀಟರಿನಲ್ಲಿ ತೊಂಬತ್ತಮೂರು ಕಿಲೋಮೀಟರ್ ಆಗಿತ್ತು. ಆಮೇಲೆ ಅದು ಒಂದಂಕಿಯೂ ಮುಂದೆ ಸರಿಯಲಿಲ್ಲ. ಅಜ್ಜನ ಕಾಲದ ದನದ ಕೊಟ್ಟಿಗೆಯ ನೆಲಕ್ಕೆ ಹೊಳೆಯುವ ಹಾಸು ಹಾಕಿಸಿ, ಕಾರನ್ನು ಒಳಗೆ ನಿಲ್ಲಿಸಿ, ಗಾಳಿ ತುಂಬಿದ ಪಾರದರ್ಶಕ ಗುಡಾರವೊಂದನ್ನು ಅದರ ಮೇಲೆ ಹೊದಿಸಿದ್ದ. ಗುಡಾರ ಉಬ್ಬಿ ನಿಲ್ಲಬೇಕಾದರೆ ಫ್ಯಾನು ಹಗಲಿರುಳು ತಿರುಗುತ್ತಿರಬೇಕು. ಫ್ಯಾನು ತಿರುಗುತ್ತಿದೆಯೇ ಎಂದು ನೋಡಲು ಮನೆಯಲ್ಲಿ ಯಾರಾದರೂ ಇರಲೇಬೇಕು. ಹೀಗಾಗಿ ಆ ಇಪ್ಪತ್ತು ವರ್ಷಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಎರಡು ದಿನ ಊರು ಬಿಟ್ಟು ಹೋದದ್ದಿಲ್ಲ. ಆಗಸ್ಟಿನಲ್ಲಿ ಊರಿಗೆ ಊರೇ ಸಮುದ್ರದ ದಡಕ್ಕೆ ಹೋದರೆ ವೇಲಿಯಾ ತಂಗಿಯ ಜೊತೆ ಹೋಗಿ ಬರುತ್ತಿದ್ದಳು, ಅದೂ ವರ್ಷ ಬಿಟ್ಟು ವರ್ಷ.

ಎರ್ಮೆಸ್ ಜಿಪುಣನೇನೂ ಅಲ್ಲ, ತೋರಿಕೆಯವನೂ ಅಲ್ಲ. ಅವನಿಗೆ ಅವನದೇ ಒಂದು ನಂಬಿಕೆಯಿತ್ತು. ಅಂಥ ಕಾರುಗಳು ಒಟ್ಟು ಮುನ್ನೂರು ತಯಾರಾಗಿದ್ದವು. ಅರ್ಧಕ್ಕರ್ಧ ಎಲ್ಲೋ ಗುದ್ದಿಕೊಂಡು, ಬಣ್ಣ ಬದಲಿಸಿಕೊಂಡು, ಎಂಜಿನ್ ಬದಲಿಸಿಕೊಂಡು ಉಳಿದಿದ್ದವು. ಅವನ ಕಾರಿನ ಸೀಟಿನಡಿಯ ಲೋಹದ ಮೇಲೆ, ಅದನ್ನು ಜೋಡಿಸಿದ ಕೆಲಸಗಾರ ಸೀಮೆಸುಣ್ಣದಲ್ಲಿ ಬರೆದ ಗುರುತು ಇನ್ನೂ ಅಳಿಸಿರಲಿಲ್ಲ. ಮಾಡಿದವರ ಕೈಯಿಂದ ಇಳಿದ ಹಾಗೇ ಉಳಿದದ್ದು ಒಂದಾದರೂ ಲೋಕದಲ್ಲಿ ಇರಬೇಕು ಎಂದು ಅವನು ಹೇಳುತ್ತಿದ್ದ.

ಮೊದಲ ಕಂಪನದ ಮಾರನೇ ದಿನ ಅಗ್ನಿಶಾಮಕ ದಳದವರು ಬಂದು ಮನೆಗೂ ಕೊಟ್ಟಿಗೆಗೂ ಯಾರೂ ಒಳಗೆ ಹೋಗದಂತೆ ಕೆಂಪು ಬಿಳಿ ಪಟ್ಟಿ ಬಿಗಿದರು. ಅವರ ಮುಖ್ಯಸ್ಥ ಒಳ್ಳೆಯ ಮನುಷ್ಯ. ಹತ್ತು ನಿಮಿಷ ಸಮಯ ಕೊಡುತ್ತೇನೆ, ಕೀಲಿ ತಿರುಗಿಸಿ ಕಾರನ್ನು ಹೊರಗೆ ತನ್ನಿ ಎಂದ. ಅದರಲ್ಲಿ ಬ್ಯಾಟರಿಯೂ ಇಲ್ಲ, ಪೆಟ್ರೋಲೂ ಇಲ್ಲ ಎಂದು ಎರ್ಮೆಸ್ ಹೇಳಿದಾಗ ಅವನು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ನಮ್ಮ ಹುಡುಗರು ತಳ್ತಾರೆ ಬಿಡಿ, ಯಜಮಾನ್ರೇ" ಎಂದ. ಅಂಗಳದ ತುಂಬ ಜಲ್ಲಿ, ಮೇಲೆ ಮಳೆ ಮೋಡ. ಎರ್ಮೆಸ್ ಒಪ್ಪಲಿಲ್ಲ. ಮುಚ್ಚಿದ ಲಾರಿ ತರಿಸುತ್ತೇನೆ ಎಂದ. ಲಾರಿಯವರಿಗೆ ಫೋನು ಮಾಡಿದ. ಬಿರುಕು ಬಿಟ್ಟ ಕಟ್ಟಡದೊಳಗೆ ಬರಲು ಒಬ್ಬನೂ ತಯಾರಿರಲಿಲ್ಲ.

ಕರೆಂಟು ಹೋಗಿ ಫ್ಯಾನು ನಿಂತಿತ್ತು. ಗುಡಾರ ಕುಸಿದು ಕಾರಿನ ಮೈಗೆ ಅಂಟಿಕೊಂಡಿತ್ತು, ಒಳಗೆ ತೇವ. ಎರ್ಮೆಸ್ ದಿನಾ ಬೆಳಿಗ್ಗೆ ಪಟ್ಟಿಯ ಕೆಳಗೆ ನುಸುಳಿ ಒಳಗೆ ಹೋಗಿ, ಹೊದಿಕೆ ಸರಿಸಿ, ಹತ್ತಿಯ ಬಟ್ಟೆಯಿಂದ ಒರೆಸಿ ಬರತೊಡಗಿದ. ವೇಲಿಯಾ ಬೈದಳು, ಅತ್ತಳು, ಅಗ್ನಿಶಾಮಕದವರಿಗೆ ಹೇಳುತ್ತೇನೆಂದು ಹೆದರಿಸಿದಳು. ಹೇಳಲಿಲ್ಲ. ಅವನು ಒಳಗಿದ್ದಷ್ಟು ಹೊತ್ತು ಅವಳು ಅಂಗಳದಲ್ಲಿ ನಿಂತು ಹೆಂಚು ನೋಡುತ್ತಿದ್ದಳು.

ಇಪ್ಪತ್ತೊಂಬತ್ತನೇ ತಾರೀಖು ಅವನು ತಡ ಮಾಡಿದ. ಒಂಬತ್ತು ಗಂಟೆಗೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ವೇಲಿಯಾ ಕಾಫಿ ಲೋಟ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಹೋದಳು. ಎರಡು ಸಲ ಕರೆದಳು. ಬಂದೆ ಬಂದೆ ಎಂದನೇ ಹೊರತು ಬರಲಿಲ್ಲ. ಕೈ ಹಿಡಿದು ಎಳೆದು ತರುತ್ತೇನೆಂದು ಅವಳೂ ಒಳಗೆ ಕಾಲಿಟ್ಟಳು. ನಾಲ್ಕು ಹೆಜ್ಜೆ ಹೋಗಿರಬಹುದು, ನೆಲದ ಅಡಿಯಿಂದ ದೊಡ್ಡದೊಂದು ಗುಡುಗು ಎದ್ದಿತು.

ಬಾಗಿಲ ಕಮಾನು ಮೊದಲು ಬಿತ್ತು. ಆಮೇಲೆ ಚಾವಣಿ. ಎರ್ಮೆಸ್ ಅವಳನ್ನು ಸೆಳೆದು ಕಾರಿನ ಪಕ್ಕ ಕೆಡವಿಕೊಂಡ. ದೊಡ್ಡ ತೊಲೆಯೊಂದು ಕಾರಿನ ಮೂತಿಯ ಮೇಲೆ ಬಿದ್ದು ಓರೆಯಾಗಿ ಗೋಡೆಗೆ ಆನಿಕೊಂಡಿತು. ಅದರ ಮೇಲೆ ಇಟ್ಟಿಗೆಗಳ ಮಳೆ. ಅದುರುವುದು ನಿಂತಾಗ ಒಳಗೆ ದೂಳೂ ಕತ್ತಲೂ ಬಿಟ್ಟರೆ ಏನೂ ಇರಲಿಲ್ಲ. ಕಾರಿಗೂ ಗೋಡೆಗೂ ನಡುವೆ ಇಬ್ಬರು ಒತ್ತಿಕೊಂಡು ಕೂರುವಷ್ಟು ಜಾಗ ಉಳಿದಿತ್ತು. ಎರ್ಮೆಸ್‌ನ ಬಲಗಾಲು ಇಟ್ಟಿಗೆಯಡಿ ಸಿಕ್ಕಿಕೊಂಡಿತ್ತು. ಅವನ ಫೋನಿನ ಪರದೆ ಬೆಳಗಿತು, ಆದರೆ ಕರೆ ಎಲ್ಲಿಗೂ ಹೋಗಲಿಲ್ಲ.

ಕೂಗಿದರು. ದೂಳು ಗಂಟಲಿಗೆ ಸೇರಿ ಕೂಗು ಕೆಮ್ಮಾಯಿತು. ಎಷ್ಟೋ ಹೊತ್ತಾದ ಮೇಲೆ ದೂರದಲ್ಲಿ ಯಾರೋ ಮಾತಾಡುವುದು ಕೇಳಿಸಿತು, ಮತ್ತೆ ನಿಂತಿತು. ಕೊಟ್ಟಿಗೆಯಲ್ಲಿ ಜನರಿದ್ದಾರೆಂದು ಯಾರಿಗೆ ಗೊತ್ತು? ಅಲ್ಲಿಗೆ ಹೋಗಬಾರದೆಂದು ಪಟ್ಟಿ ಕಟ್ಟಿತ್ತಲ್ಲ.

ವೇಲಿಯಾ ಕೈಯಿಂದ ತಡಕಾಡಿ ಕಾರಿನ ಬಾಗಿಲಿನ ಹಿಡಿ ಹುಡುಕಿದಳು. ಬಾಗಿಲು ಒಂದು ಗೇಣು ತೆರೆಯಿತು. ತೋಳು ಒಳಗೆ ತೂರಿಸಿದಳು.

"ಏನ್ ಮಾಡ್ತಿದ್ದೀ?" ಎಂದ ಎರ್ಮೆಸ್.

"ಹಾರ್ನ್ ಹೊಡೀತೀನಿ."

"ಬ್ಯಾಟರಿ ಇಲ್ಲ ವೇಲಿಯಾ."

ಅವಳು ಆದರೂ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ದೀಪದ ಗುಂಡಿಯನ್ನೂ ತಿರುಗಿಸಿ ನೋಡಿದಳು. ಹೊಸ ಚರ್ಮದ ವಾಸನೆ ಮಾತ್ರ ಮೂಗಿಗೆ ಬಡಿಯಿತು. ಇಪ್ಪತ್ತು ವರ್ಷ ಮುಚ್ಚಿಟ್ಟ ವಾಸನೆ.

"ಒಂದು ಕತ್ತೆ ಕಟ್ಟಿದ್ರೂ ಇಷ್ಟು ಹೊತ್ತಿಗೆ ಅರಚಿಕೊಳ್ತಿತ್ತು," ಎಂದಳು ಅವಳು, ಮೆಲ್ಲಗೆ.

ಕಾಲಿನ ನೋವಿಗೆ ಅವನ ಉಸಿರು ಗಿಡ್ಡವಾಗುತ್ತಿತ್ತು. ನೆಲ ಆಗಾಗ ಅದುರುತ್ತಿತ್ತು, ಪ್ರತಿಸಲವೂ ಮೇಲಿನಿಂದ ಮಣ್ಣು ಸುರಿಯುತ್ತಿತ್ತು. ತೊಲೆ ಜಾರಿದರೆ ಮುಗಿಯಿತು ಎಂದು ಇಬ್ಬರಿಗೂ ಗೊತ್ತಿತ್ತು. ವೇಲಿಯಾ ಕೈಗೆ ಸಿಕ್ಕ ಇಟ್ಟಿಗೆಯೊಂದನ್ನು ಎತ್ತಿಕೊಂಡಳು. ಗಂಡನ ಕಡೆ ತಿರುಗಿದಳು, ಕತ್ತಲಲ್ಲಿ ಮುಖ ಕಾಣಲಿಲ್ಲ. ಕೇಳಲೂ ಇಲ್ಲ. ಕಾರಿನ ಬಾಗಿಲಿಗೆ ಬಲವಾಗಿ ಹೊಡೆದಳು.

ಸದ್ದು ಮೊಂಡಾಗಿತ್ತು, ದಿಂಬಿಗೆ ಗುದ್ದಿದ ಹಾಗೆ. ಮತ್ತೊಮ್ಮೆ ಹೊಡೆದಳು. ಎರ್ಮೆಸ್ ಅವಳ ತೋಳು ಹಿಡಿದುಕೊಂಡ. ಬಿಡಲಿಲ್ಲ. ಬಿಡಿಸಿಕೊಳ್ಳಬೇಕು, ಬೇಕಾದರೆ ಅವನ ಕೈಗೇ ಹೊಡೆಯಬೇಕು ಎಂದು ಅವಳಿಗೆ ಅನ್ನಿಸಿದ್ದು ನಿಜ. ಆ ಯೋಚನೆಯನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ.

"ಬಾಗಿಲಿಗೆ ಬೇಡ," ಎಂದ ಅವನು ಕೊನೆಗೆ. "ಅದರೊಳಗೆ ಸದ್ದು ಕುಡಿಯೋ ಪದರ ಇದೆ. ಹಿಂದಕ್ಕೆ ಸರಿ, ಇದರ ಎಂಜಿನ್ ಹಿಂದಿದೆ. ಎಂಜಿನ್ ಮೇಲಿನ ಮುಚ್ಚಳಕ್ಕೆ ಹೊಡಿ. ಬರೀ ತಗಡು ಅದು, ಕೆಳಗೆ ಟೊಳ್ಳು. ಮೂರು ಮೂರು ಸಲ ಹೊಡಿ, ಮಧ್ಯೆ ನಿಲ್ಲಿಸು."

ಅವಳು ಮೊಣಕಾಲಲ್ಲಿ ತೆವಳಿ ಹಿಂದಕ್ಕೆ ಹೋದಳು. ಮುಚ್ಚಳ ಗಂಟೆಯ ಹಾಗೆ ಮೊಳಗಿತು. ಮೂರು ಏಟು, ಮೌನ. ಮತ್ತೆ ಮೂರು ಏಟು. ತೋಳು ಸೋತಾಗ ಎಡಗೈಯಲ್ಲಿ ಹೊಡೆದಳು. ಇಟ್ಟಿಗೆ ಒಡೆದಾಗ ಇನ್ನೊಂದನ್ನು ಹುಡುಕಿದಳು. ಪ್ರತಿ ಏಟಿಗೂ ಎರ್ಮೆಸ್ ಅತ್ತ ಕಡೆಯಿಂದ ಎಣಿಸುತ್ತಿದ್ದ. ಅವಳು ತಪ್ಪಿದರೆ ತಿದ್ದುತ್ತಿದ್ದ. ನಲವತ್ತರ ಮೇಲೆ ಅವನ ದನಿ ಕೇಳಿಸದಾದಾಗ ಅವಳು ಇಟ್ಟಿಗೆ ಕೆಳಗಿಟ್ಟು ಕಿವಿಗೊಟ್ಟಳು. ಅವನು ಅಳುತ್ತಿದ್ದ, ಅಷ್ಟೇ.

ಮೊದಲು ಕೇಳಿಸಿಕೊಂಡವನು ಇವಾನೊ. ತಪ್ಪಿಸಿಕೊಂಡ ಹಂದಿಗಳನ್ನು ಹುಡುಕುತ್ತ ಆ ಕಡೆ ಬಂದಿದ್ದನಂತೆ. ಮಧ್ಯಾಹ್ನ ಎರಡರ ಸುಮಾರಿಗೆ ಇಬ್ಬರನ್ನೂ ಹೊರಗೆ ತೆಗೆದರು.

ಎರ್ಮೆಸ್‌ನ ಕಾಲಿಗೆ ಎರಡು ಕಡೆ ಮೂಳೆ ಮುರಿದಿತ್ತು. ಹದಿನೈದು ದಿನದ ಮೇಲೆ ಕ್ರೇನು ಬಂದು ಕಾರನ್ನೂ ಎತ್ತಿತು. ಮೂತಿ ಜಜ್ಜಿಹೋಗಿತ್ತು. ಹಿಂದಿನ ಮುಚ್ಚಳದ ತುಂಬ ಗುಳಿ. ವರ್ಷಗಳಿಂದ ಕಾರನ್ನು ತನಗೆ ಮಾರುವಂತೆ ಕೇಳುತ್ತಿದ್ದ ಜೂರಿಕ್‌ನ ಸಂಗ್ರಹಕಾರನೊಬ್ಬ ಚಿತ್ರ ನೋಡಿ, ದೇವರು ನಿಮ್ಮನ್ನು ಉಳಿಸಿದ ಎಂದು ಎರಡು ಸಾಲು ಬರೆದು ಸುಮ್ಮನಾದ. ಆ ಕಾರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಂಜಿನ್ ಕಟ್ಟಿದ್ದ ಯಾದೆರ್ ಎಂಬ ಮುದುಕ ಬಂದು ಕಾರನ್ನು ಬಿಚ್ಚಿ ನೋಡಿದ. ಮೂತಿ ತಟ್ಟಿ ಸರಿ ಮಾಡಬಹುದು ಎಂದ. ಆದರೆ ಒಳಗಿನ ರಬ್ಬರೆಲ್ಲ ಕಲ್ಲಾಗಿತ್ತು, ಪೆಟ್ರೋಲ್ ಕೊಳವೆಗಳು ಬಿರುಕು ಬಿಟ್ಟಿದ್ದವು.

"ತೊಲೆ ಏನೂ ಹಾಳು ಮಾಡಿಲ್ಲ, ಎರ್ಮೆಸ್," ಎಂದ. "ಇದು ನಿಂತೂ ನಿಂತೂ ಸತ್ತಿರೋದು. ವಾರಕ್ಕೊಮ್ಮೆ ಓಡಿಸಿದ್ದಿದ್ರೆ ಇವತ್ತಿಗೂ ಕೂಗ್ತಿತ್ತು."

"ಮುಟ್ಟದೇ ಇದ್ದದ್ದು ಇದೊಂದೇ ಇತ್ತು," ಎಂದ ಎರ್ಮೆಸ್. ಅದು ವಾದವೋ ದುಃಖವೋ ವೇಲಿಯಾಗೆ ತಿಳಿಯಲಿಲ್ಲ.

ರಿಪೇರಿ ಮಾಡಿಸೋಣ ಎಂದವಳು ಅವಳು. ಅವನು ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಯಾದೆರ್ ಕಾರನ್ನು ಹೊತ್ತೊಯ್ದು ಹೆಚ್ಚುಕಡಿಮೆ ಒಂದು ವರ್ಷ ಇಟ್ಟುಕೊಂಡ. ಅದು ವಾಪಸು ಬರುವ ಹೊತ್ತಿಗೆ ಗಂಡ ಹೆಂಡತಿ ನಗರಸಭೆ ಕೊಟ್ಟ ಮರದ ಪುಟ್ಟ ಮನೆಯಲ್ಲಿದ್ದರು. ಎರ್ಮೆಸ್ ಊರುಗೋಲು ಹಿಡಿದು ನಡೆಯುತ್ತಿದ್ದ.

ಮೊದಲ ಶನಿವಾರ ವೇಲಿಯಾ ಸಂತೆಗೆ ಹೊರಟಳು. ಅರವತ್ತನಾಲ್ಕರ ಹೆಂಗಸು ಆ ತಗ್ಗು ಸೀಟಿನೊಳಗೆ ಇಳಿಯಲು ಪಟ್ಟ ಪಾಡನ್ನು ನೋಡಿ ಇವಾನೊ ಚಪ್ಪಾಳೆ ಹೊಡೆದ. ಎಂಜಿನ್ ಗುಡುಗಿತು. ನೆಲದಡಿಯ ಆ ಸದ್ದು ಇನ್ನೂ ಅವಳ ಕಿವಿ ಬಿಟ್ಟು ಹೋಗಿರಲಿಲ್ಲ. ಆದರೂ ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಕಾಲುವೆಯ ಬದಿಯ ನೇರ ರಸ್ತೆಯಲ್ಲಿ ಎರಡೂ ಕಿಟಕಿ ಇಳಿಸಿಕೊಂಡು ಹೋದಳು. ಬರುವಾಗ ಕಲ್ಲಂಗಡಿ ಕೊಂಡಳು. ಇಡಲು ಬೇರೆ ಜಾಗ ಇಲ್ಲದ್ದರಿಂದ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಕಟ್ಟಿದಳು.

ಎರ್ಮೆಸ್ ಮನೆಯ ಮುಂದೆ ನಿಂತೇ ಇದ್ದ. ಹೋದಾಗ ಎಲ್ಲಿ ನಿಂತಿದ್ದನೋ ಅಲ್ಲೇ. ಅವಳು ಇಳಿದ ಕೂಡಲೇ ಬಟ್ಟೆ ತೆಗೆದುಕೊಂಡು ಚಕ್ರದ ದೂಳು ಒರೆಸತೊಡಗಿದ. ಮೀಟರಿನ ಕಡೆ ನೋಡಲಿಲ್ಲ. ನೋಡಬಾರದೆಂದು ಕತ್ತು ತಿರುಗಿಸಿಕೊಂಡೇ ಒರೆಸಿದ.

ಅದು ಪ್ರತಿ ಶನಿವಾರದ ಕತೆಯಾಯಿತು. ಅವಳು ಹೋಗಿ ಬರುವತನಕ ಅವನು ಕೂರುವುದಿಲ್ಲ, ಪೇಪರ್ ಓದುವುದಿಲ್ಲ, ಬಂದವರನ್ನು ಮಾತಾಡಿಸುವುದಿಲ್ಲ. ಜೊತೆಗೆ ಬಾ ಎಂದು ವೇಲಿಯಾ ಕರೆದೂ ಕರೆದೂ ಸಾಕಾಗಿ ಬಿಟ್ಟಳು. ಅಕ್ಟೋಬರಿನ ಒಂದು ಶನಿವಾರ, ಒರೆಸುವ ಕೈ ನಿಲ್ಲಿಸದೆಯೇ ಅವನು ಕೇಳಿದ:

"ಮೂರನೇ ಗೇರಿಗೆ ಹಾಕುವಾಗ ಸ್ವಲ್ಪ ತಡೆಯತ್ತಾ?"

"ಹೂಂ, ಒಂಚೂರು."

"ತಣ್ಣಗಿರುವಾಗಲೋ, ಬಿಸಿಯಾದ ಮೇಲೂನೋ?"

"ನಂಗೇನು ಗೊತ್ತಾಗತ್ತೆ? ನೀನೇ ಬಂದು ನೋಡು."

ಅವನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಕಾರಿನ ಬಾಗಿಲು ತೆರೆದು, ಊರುಗೋಲನ್ನು ಹೊರಗೆ ಒರಗಿಸಿ, ಒಂದು ಕಾಲನ್ನು ಒಳಗಿಟ್ಟ. ಹಾಗೇ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಕಾಲು ಹೊರಗೆ ತೆಗೆದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಮುಂದಿನ ವಾರ ಹೊರಡುವ ಮೊದಲು ಹತ್ತು ನಿಮಿಷ ಎಂಜಿನ್ ಬಿಸಿ ಮಾಡಿಕೋ ಎಂದಷ್ಟೇ ಹೇಳಿ ಒಳಗೆ ಹೋದ. ವೇಲಿಯಾ ಚೀಲಗಳನ್ನು ಎತ್ತಿಕೊಂಡು ಹಿಂದೆಯೇ ಹೋದಳು.