ತಿದಿಯಣ್ಣನ ನಾಲ್ಕು ಬಿರಡೆ

"ತಲೆ ಕಡೆಯವರು ಸ್ವಲ್ಪ ಎತ್ತಿ. ಎಡಕ್ಕೆ, ಎಡಕ್ಕೆ..." ಎಂದು ಮೇಷ್ಟ್ರು ಹೇಳುತ್ತಿರುವಾಗಲೇ ಶವಪೆಟ್ಟಿಗೆಯ ಮೂಲೆ ಬಾಗಿಲ ಚೌಕಟ್ಟಿಗೆ ಠಕ್ಕೆಂದು ಬಡಿಯಿತು.

"ಮೆಲ್ಲಗೆ ಕಣ್ರೋ!" ಎಂದು ಗುಡಾಣ ಹಲ್ಲು ಕಚ್ಚಿದ. "ಮೂವತ್ತೊಂದು ವರ್ಷ ಒಂದು ಹೆಜ್ಜೆ ತಪ್ಪದೆ ನಡೆದ ಮನುಷ್ಯ. ಅವನನ್ನ ಹೊಸ್ತಿಲು ದಾಟಿಸೋಕೆ ಆರು ಜನಕ್ಕೆ ಬರಲ್ವಲ್ಲ, ನಾಚಿಕೆ ಆಗ್ಬೇಕು ನಮಗೆ."

ಗುಡಾಣ ಎಂದರೆ ಪೊಲೀಸ್ ಪೈಪ್ ಬ್ಯಾಂಡಿನ ದೊಡ್ಡ ಡೋಲಿನವನು. ಅವನಿಗೆ ಹೊಟ್ಟೆ ಮೊದಲು ಬಂದಿತೋ ಡೋಲು ಮೊದಲು ಬಂದಿತೋ ಎಂಬ ಬಗ್ಗೆ ಬ್ಯಾಂಡಿನಲ್ಲಿ ಇನ್ನೂ ಒಮ್ಮತವಿಲ್ಲ. ಪೆಟ್ಟಿಗೆಯಲ್ಲಿ ಮಲಗಿದ್ದವನು ತಿದಿಯಣ್ಣ, ಪೈಪು, ಅಂದರೆ ಕಂಕುಳಲ್ಲಿ ಚೀಲ ಒತ್ತಿ ನುಡಿಸುವ ಬ್ಯಾಗ್‌ಪೈಪು, ಊದುವವರಲ್ಲೆಲ್ಲ ಹಿರಿಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನು ಒಂದೇ ಉಸಿರಿಗೆ ವಾದ್ಯದ ಚೀಲ ಉಬ್ಬಿಸಿದ್ದನ್ನು ಕಂಡು ಯಾರೋ, ಇವನೇನು ಕಮ್ಮಾರನ ತಿದಿಯೇನೋ ಎಂದಿದ್ದರು. ಅದೇ ಹೆಸರಾಗಿ ಅಂಟಿಕೊಂಡಿತು. ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಕೂಗಿದರೆ ತಿದಿಯಣ್ಣನೇ ಹಿಂದೆ ತಿರುಗಿ, ಯಾರಪ್ಪ ಅದು ಎಂದು ನೋಡುತ್ತಿದ್ದ.

ಪೆಟ್ಟಿಗೆಯನ್ನು ಅಂಗಳದ ಎರಡು ಬೆಂಚುಗಳ ಮೇಲೆ ಇಳಿಸಿದರು. ಕೊನೆಯ ಗೌರವ ಸಲ್ಲಿಸಲು ಇಲಾಖೆಯ ಸಾಹೇಬರು ಬರುವುದು ಹನ್ನೊಂದಕ್ಕೆ. ಇನ್ನೂ ಮುಕ್ಕಾಲು ಗಂಟೆ ಇತ್ತು. ಪೊಲೀಸ್ ವಸತಿಯ ಆ ಓಣಿಯಲ್ಲಿ ಮನೆಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ. ಜನ ಎದುರು ಗೋಡೆಯ ನೆರಳಿಗೆ ಒತ್ತಿಕೊಂಡು ನಿಂತಿದ್ದರು. ಮೇಷ್ಟ್ರು, ಅಂದರೆ ಬ್ಯಾಂಡ್ ಮೇಷ್ಟ್ರು, ತಮ್ಮ ಹೆಗಲ ಮೇಲಿನ ಚೌಕುಳಿ ವಸ್ತ್ರವನ್ನು ಮೂರನೇ ಸಲ ಸರಿಪಡಿಸಿಕೊಂಡರು. ಈ ಕೆಲಸ ಬೇಗ ಮುಗಿದರೆ ಸಾಕೆಂದು ಅವರಿಗೆ ಅನ್ನಿಸುತ್ತಿತ್ತು. ಗೆಳೆಯನ ಹೆಣದ ಮುಂದೆ ನಿಂತು ಹಾಗೆ ಅನ್ನಿಸಿದ್ದಕ್ಕೆ ಸಂಕಟವೂ ಆಗುತ್ತಿತ್ತು.

"ಏನೇ ಹೇಳಿ, ನಮ್ಮ ಭಾವನ ಪೈಪನ್ನ ನಾನು ಕಣ್ಣು ಮುಚ್ಚಿಕೊಂಡು ಗುರುತು ಹಿಡೀತಿದ್ದೆ," ಎಂದು ತಿದಿಯಣ್ಣನ ಭಾಮೈದ ಶುರುಮಾಡಿದ. ದರ್ಜಿ ಕೆಲಸದವನು; ಮಾತಿಗೂ ಅಂಚು ಹೊಲಿಯದೆ ಬಿಡುವವನಲ್ಲ. "ಎಂಟು ಜನ ಊದಲಿ, ಹದಿನಾರು ಜನ ಊದಲಿ. ಹೋದ ವರ್ಷ ಪಾರ್ಕಿನಲ್ಲಿ ಶನಿವಾರ ಶನಿವಾರ ನುಡಿಸ್ತಿದ್ರಲ್ಲ? ಆಗಲೂ ಅಷ್ಟೇ. ಭಾವಂದು ಬೇರೆಯಾಗೇ ಕೇಳಿಸೋದು."

ಗುಡಾಣ ಸುಮ್ಮನೆ ಕೆಮ್ಮಿದ. ಮೇಷ್ಟ್ರು ನೆಲ ನೋಡಿದರು.

"ನಿನಗೆ ಶನಿವಾರ ಮಾತ್ರ," ಎಂದರು ಪಕ್ಕದ ಮನೆಯ ನಿವೃತ್ತ ಡ್ರೈವರು. "ನಮಗೆ ದಿನಾ ಇತ್ತಪ್ಪ. ಎರಡು ವಾರದ ಹಿಂದೆ ಆಸ್ಪತ್ರೆಗೆ ಸೇರಿದ್ನಲ್ಲ, ಅದರ ಹಿಂದಿನ ಸಂಜೆವರೆಗೂ ಊದಿದ ಮನುಷ್ಯ."

ಸತ್ತವರ ವಿಷಯದಲ್ಲಿ ಜನ ಎಷ್ಟು ಧಾರಾಳಿಗಳಾಗಿಬಿಡುತ್ತಾರೆ ಎಂದುಕೊಂಡರು ಮೇಷ್ಟ್ರು. ಅವರ ಮನೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಓಣಿಯ ಸಂಜೆಗಳು ಅವರಿಗೆ ಗೊತ್ತಿರಲಿಲ್ಲ. ಆದರೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಕಳೆದ ಒಂದು ವರ್ಷದಲ್ಲಿ ತಿದಿಯಣ್ಣ ಯಾವ ಪರೇಡಿನಲ್ಲೂ, ಯಾವ ಪಾರ್ಕಿನಲ್ಲೂ ಒಂದೇ ಒಂದು ಸ್ವರ ನುಡಿಸಿರಲಿಲ್ಲ. ಬ್ಯಾಂಡಿನವರನ್ನು ಬಿಟ್ಟು ಇದು ಹೊರಗೆ ಯಾರಿಗೂ ತಿಳಿಯದು. ಹಾಗೆ ಮಾಡಿಸಿದವರು ಸ್ವತಃ ಮೇಷ್ಟ್ರು. ಇನ್ನೆರಡು ಗಂಟೆ ಹೇಗೋ ಕಳೆದರೆ ಗುಟ್ಟು ಮಣ್ಣಿನೊಳಗೆ ಹೋಗುತ್ತಿತ್ತು, ಸತ್ತವನ ಮಾನ ಉಳಿಯುತ್ತಿತ್ತು.

*

ಬ್ಯಾಂಡ್ ರೂಮು ಇದ್ದದ್ದು ವಾಹನಗಳ ಶೆಡ್ಡಿನ ಹಿಂದೆ. ತೊಗಲು, ಹಿತ್ತಾಳೆ ಪಾಲಿಶು, ಒದ್ದೆ ಬಟ್ಟೆ ಎಲ್ಲ ಸೇರಿದ ವಾಸನೆ. ಒಂದು ವರ್ಷದ ಹಿಂದೆ ಒಂದು ದಿನ ತಿದಿಯಣ್ಣ ಆಸ್ಪತ್ರೆಯ ಕಾಗದವನ್ನು ನಾಲ್ಕಾಗಿ ಮಡಚಿ ಅಲ್ಲಿಗೆ ತಂದಿದ್ದ.

"ಶ್ವಾಸಕೋಶ ಹೋಗಿದೆಯಂತೆ. ನಡೀಬಹುದು, ಊದಬಾರದು ಅಂದ್ರು ಡಾಕ್ಟ್ರು."

ಮೇಜಿನ ಮೇಲೆ ಅದೇ ವಾರ ದೊಡ್ಡ ಕಚೇರಿಯಿಂದ ಬಂದ ಆದೇಶವಿತ್ತು. ಪೈಪಿನವರು ಎಂಟು ಜನಕ್ಕಿಂತ ಕಡಿಮೆ ಇರುವ ಬ್ಯಾಂಡನ್ನು ಮುಚ್ಚಬೇಕು, ಸಿಬ್ಬಂದಿಯನ್ನು ಠಾಣೆಗಳಿಗೆ ಹಂಚಬೇಕು, ವಾದ್ಯಗಳನ್ನು ಉಗ್ರಾಣಕ್ಕೆ ಒಪ್ಪಿಸಬೇಕು. ಮೇಷ್ಟ್ರನ್ನೂ ಸೇರಿಸಿ ಪೈಪಿನವರು ಇದ್ದದ್ದೇ ಎಂಟು. ತರಬೇತಿಯಲ್ಲಿದ್ದ ಇಬ್ಬರು ಹೊಸಬರು ಬಂದು ಸೇರಲು ಇನ್ನೂ ಒಂದು ವರ್ಷ ಬೇಕಿತ್ತು.

ಮೇಷ್ಟ್ರು ಗೆಳೆಯನ ಮುಖ ನೋಡದೆ ಹೇಳಿದರು. "ನೀನು ಸಾಲಿನಲ್ಲಿ ನಿಂತರೆ ಸಾಕು. ವಾದ್ಯಕ್ಕೆ ಬಿರಡೆ ಹಾಕಿಬಿಡೋಣ, ಚೀಲದ ಗಾಳಿ ಹಾಗೇ ನಿಲ್ಲುತ್ತೆ, ದನಿ ಹೊರಡಲ್ಲ. ಬೆರಳು ಆಡಿಸ್ತಾ ನಡಿ. ಯಾರಿಗೂ ಗೊತ್ತಾಗಲ್ಲ."

ತಿದಿಯಣ್ಣ ಕಾಗದವನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿಗಿಟ್ಟ. "ಮೂವತ್ತು ವರ್ಷ ಊದಿದವನಿಗೆ ಬಿರಡೆ ಜಡೀತೀಯಲ್ಲೋ," ಎಂದ ಆಮೇಲೆ. ಹೊರಗೆ ಇದ್ದಾಗ ಮಾತ್ರ ಬಳಸುವ ಏಕವಚನ ಅಂದು ಬ್ಯಾಂಡ್ ರೂಮಿನೊಳಗೇ ಬಂದುಬಿಟ್ಟಿತು. ನಂತರ ವಾದ್ಯವನ್ನು ಮೇಜಿನ ಮೇಲೆ ಮಲಗಿಸಿದ. "ನೀನೇ ಹಾಕು. ನನ್ನ ಕೈಲಿ ಆಗಲ್ಲ."

ಹೆಗಲ ಮೇಲೆ ನಿಲ್ಲುವ ಮೂರು ಶ್ರುತಿ ಕೊಳವೆಗಳಿಗೆ ಮೂರು, ಬೆರಳಾಡಿಸುವ ಕೊಳವೆಗೆ ಒಂದು. ಮೇಷ್ಟ್ರು ನಾಲ್ಕನ್ನೂ ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಅಷ್ಟು ಹೊತ್ತೂ ತಿದಿಯಣ್ಣ ಕಿಟಕಿಯಾಚೆ ಯಾರೋ ಜೀಪು ತೊಳೆಯುವುದನ್ನು ನೋಡುತ್ತ ನಿಂತಿದ್ದ.

ಆ ವರ್ಷವೇನೋ ಬ್ಯಾಂಡಿಗೆ ಪುರಸೊತ್ತೇ ಇರಲಿಲ್ಲ. ಬಿಸಿಲಿನಲ್ಲಿ ಹೊಸ ಪೇದೆಗಳ ಪರೇಡು. ಶನಿವಾರಗಳಂದು ಪಾರ್ಕಿನ ಕಾರ್ಯಕ್ರಮ. ಮಳೆಯ ತಿಂಗಳುಗಳಲ್ಲಿ ಶೆಡ್ಡಿನೊಳಗೆ ಜೀಪುಗಳ ಮಧ್ಯೆ ಸಂದು ಮಾಡಿಕೊಂಡು ಅಭ್ಯಾಸ. ಚಳಿ ಬಂದಾಗ, ಕರ್ತವ್ಯದಲ್ಲಿ ಮಡಿದವರ ಹೆಸರು ಓದುವ ದಿನದ ನಿಧಾನ ನಡಿಗೆ. ಎಲ್ಲದರಲ್ಲೂ ತಿದಿಯಣ್ಣ ಬಲಗಡೆಯ ಮೊದಲನೆಯವನಾಗಿ ಕೆನ್ನೆ ಉಬ್ಬಿಸಿಕೊಂಡು, ಬೆರಳು ಆಡಿಸುತ್ತ, ಮೂಕನಾಗಿ ನಡೆದ.

ಅಂತರ ಇಲಾಖಾ ಸ್ಪರ್ಧೆಯಲ್ಲಿ ಒಂದು ತಮಾಷೆಯಾಯಿತು. ತೀರ್ಪುಗಾರರು ಮೈಕಿನಲ್ಲಿ, "ಈ ತಂಡದ ಬಲಗಡೆ ಮೊದಲನೆಯವರ ಬೆರಳು ನೋಡಿ ಎಲ್ಲರೂ ಕಲೀಬೇಕು. ಒಂದು ಸ್ವರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ," ಎಂದುಬಿಟ್ಟರು. ಗುಡಾಣ ಡೋಲಿನ ಹಿಂದೆ ಮುಖ ಮುಚ್ಚಿಕೊಂಡ. ಎರಡನೇ ಬಹುಮಾನ ಹಿಡಿದುಕೊಂಡು ವ್ಯಾನು ಹತ್ತಿದ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ತಿದಿಯಣ್ಣ. ನಕ್ಕು ನಕ್ಕು ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಮೇಷ್ಟ್ರಿಗೆ ಮಾತ್ರ ನಗಲಾಗಲಿಲ್ಲ. ಎಂಥ ಊದುಗಾರನನ್ನು ಬೊಂಬೆ ಮಾಡಿಬಿಟ್ಟೆ ಎಂದುಕೊಂಡು ಅವರು ಕಿಟಕಿಯ ಕಡೆ ತಿರುಗಿ ಕೂತರು.

*

"ಮೇಷ್ಟ್ರೇ."

ತಿದಿಯಣ್ಣನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗಿತ್ತು. "ಅಲ್ಲಿ ಮಣ್ಣು ಹಾಕಿದ ಮೇಲೆ ಅವರದೇ ವಾದ್ಯ ನುಡೀಬೇಕು. ನೀವೇ ನುಡಿಸ್ಬೇಕು."

"ಮತ್ತೆ? ಹಾಗೇ ಆಗ್ಬೇಕು," ಎಂದ ಭಾಮೈದ. ಡ್ರೈವರು ತಲೆಯಾಡಿಸಿದರು.

ಮೇಷ್ಟ್ರು ಒಳಕೋಣೆಯ ಕಡೆ ನೋಡಿದರು. ಒರೆಸಿ ಇಟ್ಟುಕೊಳ್ಳುತ್ತೇನೆಂದು ತಿದಿಯಣ್ಣ ವಾದ್ಯವನ್ನು ದಿನಾ ಮನೆಗೇ ಒಯ್ಯುತ್ತಿದ್ದ. ಅದೀಗ ಒಳಗೇ ಇತ್ತು. ಬಿರಡೆಗಳು ಅದರೊಳಗೇ ಇರುತ್ತವೆ. ಕಿತ್ತರೂ ಪ್ರಯೋಜನವಿಲ್ಲ. ವರ್ಷವಿಡೀ ಉಸಿರು ಕಾಣದ ಚೀಲ ಬಿರುಕು ಬಿಟ್ಟಿರುತ್ತದೆ, ಒಳಗೆ ದನಿ ಹುಟ್ಟಿಸುವ ರೀಡುಗಳು ಸತ್ತಿರುತ್ತವೆ. ಸಾಹೇಬರು, ಓಣಿಯವರು, ಬಂಧುಗಳೆಲ್ಲರ ಮುಂದೆ ಅದು ಕಿರ್ರೆಂದು ಕಿರುಚಿದರೆ ಮುಗಿಯಿತು. ಇಡೀ ವರ್ಷದ ನಾಟಕ ಬೀದಿಗೆ ಬಂದು ಬೀಳುತ್ತದೆ.

"ಅದು... ಅತ್ತಿಗೆ, ಊದದೇ ಇಟ್ಟ ವಾದ್ಯ ಕೀರಲು ಹೊಡೆಯುತ್ತೆ. ನನ್ನದರಲ್ಲೇ ನುಡಿಸ್ತೀನಿ."

"ಎರಡು ವಾರಕ್ಕೇ ಹಾಳಾಗುತ್ತಾ?" ಎಂದು ಡ್ರೈವರು ಹುಬ್ಬೇರಿಸಿದರು.

"ನೀವು ಒಳಗೆ ಬನ್ನಿ," ಎಂದರು ಆಕೆ.

ಒಳಕೋಣೆಯಲ್ಲಿ ಇಸ್ತ್ರಿಯ ಮೇಜು, ಅದರ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ. ವಸತಿಯ ಅರ್ಧ ಸಮವಸ್ತ್ರಗಳ ಗೆರೆ ಮೂಡುತ್ತಿದ್ದದ್ದು ಅಲ್ಲೇ. ಆಕೆ ವಾದ್ಯದ ಪೆಟ್ಟಿಗೆ ತೆರೆದರು. ಮೇಷ್ಟ್ರ ಕೈ ತಾನಾಗಿ ಕೊಳವೆಯ ತುದಿಗೆ ಹೋಯಿತು. ಬಿರಡೆ ಇರಲಿಲ್ಲ. ಚೀಲ ಒತ್ತಿ ನೋಡಿದರು. ಮೆತ್ತಗೆ, ಹದವಾಗಿ, ನಿನ್ನೆ ಮೊನ್ನೆ ನುಡಿಸಿದ ವಾದ್ಯದಂತಿತ್ತು. ಆಕೆ ಗುಂಡಿಗಳ ಡಬ್ಬಿಯಿಂದ ನಾಲ್ಕು ಬಿರಡೆ ತೆಗೆದು ಅಂಗೈಯಲ್ಲಿ ಹಿಡಿದರು.

"ಬೆಳಿಗ್ಗೆ ಹೊರಡುವಾಗ ಹಾಕಿ ಕೊಡ್ತಿದ್ದೆ. ಸಂಜೆ ಬಂದಮೇಲೆ ತೆಗೀತಿದ್ದೆ."

"ನಿಮಗೆ ಹೇಳಿದ್ನಾ?"

"ಮೊದಲನೇ ದಿನಾನೇ. ಬಂದವರೇ ಊಟ ಬೇಡ ಅಂದ್ರು. ನಾನು ಸಾಯೋದಿರಲಿ ಕಣೇ, ಊದದೇ ಇದ್ರೆ ಇದು ಸತ್ತೋಗುತ್ತೆ ಅಂದ್ರು. ಊದೋಕೆ ನಿಮ್ಮ ಉಸಿರೇ ಆಗ್ಬೇಕೇನು ಅಂದೆ ನಾನು."

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ.

"ಇಪ್ಪತ್ತು ವರ್ಷದಿಂದ ಈ ಇಸ್ತ್ರಿಪೆಟ್ಟಿಗೆ ಕೆಂಡ ಊದ್ತಿದ್ದೀನಿ ಮೇಷ್ಟ್ರೇ, ಉಸಿರಿಗೇನು ಬರ? ಚೀಲ ಅವರ ಕಂಕುಳಲ್ಲಿ, ಬೆರಳು ಅವರದು, ಊದೋದು ನಾನು. ಮೊದಲನೇ ತಿಂಗಳು ಅದು ಅರಚಿದ್ದಕ್ಕೆ ಓಣಿ ನಾಯಿಗಳೆಲ್ಲ ದೇಶಾಂತರ ಹೋದ್ವು. ಆಮೇಲೆ ಹದಕ್ಕೆ ಬಂತು. ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ, ನಿಮ್ಮ ಪರೇಡಿನ ಹಾಗೇ ತಿರುಗಿ ತಿರುಗಿ, ನಡ್ಕೊಂಡು ನುಡಿಸ್ತಿದ್ವಿ."

ಮೇಷ್ಟ್ರು ಮಂಚದ ಅಂಚಿಗೆ ಕುಸಿದರು. "ಆ ಬಿರಡೆ ಹಾಕಿದ್ದು ನಾನು ಅತ್ತಿಗೆ. ಅವನನ್ನ ಬೊಂಬೆ ಮಾಡಿದ್ದು ನಾನು."

"ನೀವಾಗಿದ್ದಕ್ಕೇ ಹಾಕಿಸ್ಕೊಂಡ್ರು. ಬೇರೆ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತಿದ್ರು." ಆಕೆ ಮೂಗು ಒರೆಸಿಕೊಂಡರು. "ಹೋದ ತಿಂಗಳು ಆ ಹೊಸಬರಿಬ್ಬರು ಬಂದು ಸೇರಿದ ದಿನ, ಮೆಟ್ಟಿಲ ಹತ್ರಾನೇ ಕೂಗಿದ್ರು, ಈಗ ನಾವು ಹತ್ತು ಜನ ಕಣೇ ಅಂತ. ಅಷ್ಟು ಬೀಗಿದ್ದನ್ನ ನಾನು ನಮ್ಮ ಮದುವೆ ದಿನಾನೂ ನೋಡಿರಲಿಲ್ಲ."

*

ಸ್ಮಶಾನದಲ್ಲಿ ಮಣ್ಣು ಬಿದ್ದ ಮೇಲೆ ಗದ್ದಲ ಅಡಗಿತು. ಸಾಹೇಬರ ಕೈ ಟೋಪಿಗೆ ಏರಿತು. ಮೇಷ್ಟ್ರು ಗೆಳೆಯನ ವಾದ್ಯವನ್ನು ಕಂಕುಳಲ್ಲಿ ಇರಿಸಿಕೊಂಡು ಊದುಗೊಳವೆಗೆ ಬಾಯಿಟ್ಟರು.

ಉಸಿರು ಹೊರಡಲಿಲ್ಲ. ಎಷ್ಟೋ ಜನರ ಮಣ್ಣಿನ ಮುಂದೆ ನುಡಿಸಿದ್ದವರು, ದೊಡ್ಡವರು ಚಿಕ್ಕವರು ಯಾರಿಗೂ ಕಣ್ಣು ಒದ್ದೆ ಮಾಡಿಕೊಳ್ಳದವರು, ಇಂದು ಬಿಕ್ಕಳಿಕೆ ತಡೆಯಲಾಗದೆ ನಿಂತರು. ಅಳುವವನಿಗೆ ಪೈಪು ಊದಲು ಬರುವುದಿಲ್ಲ. ಚೀಲ ಅರ್ಧ ಉಬ್ಬಿ ನರಳಿತು. ಭಾಮೈದ ಕತ್ತೆತ್ತಿ ನೋಡಿದ. ಸಾಹೇಬರ ಕೈ ಟೋಪಿಯ ಬಳಿಯೇ ಕಾಯುತ್ತಿತ್ತು. ಮೇಷ್ಟ್ರು ಇನ್ನೊಮ್ಮೆ ಪ್ರಯತ್ನಿಸಿದರು. ಅದೂ ಆಗಲಿಲ್ಲ.

ಹೆಂಗಸರ ಗುಂಪಿನಿಂದ ಆಕೆ ಹೊರಬಂದರು. ಬಾಯನ್ನು ಮುಂಗೈಯಿಂದ ಒರೆಸಿಕೊಂಡು, ನೆಟ್ಟಗೆ ಬಂದು ಮೇಷ್ಟ್ರ ಬಲಕ್ಕೆ ನಿಂತರು. ಊದುಗೊಳವೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಬೆರಳಿಡಿ ಮೇಷ್ಟ್ರೇ."

ಒಂದೇ ಉಸಿರಿಗೆ ಚೀಲ ತುಂಬಿತು. ಮೂರು ಕೊಳವೆಗಳೂ ಒಟ್ಟಿಗೆ ಎದ್ದವು. ಶ್ರುತಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಮೇಷ್ಟ್ರ ಬೆರಳುಗಳು ತಾವಾಗಿ ನಡೆದವು. ಕಣ್ಣೀರು ಇಳಿಯುತ್ತಿತ್ತು, ಇಳಿಯಲಿ ಎಂದು ಬಿಟ್ಟರು. ಇಂಥ ನುಡಿ ತಮ್ಮ ಬ್ಯಾಂಡಿನದು ಎಂಬ ಹೆಮ್ಮೆಗೆ ಅವರ ಎದೆ ಸಾಲದಾಯಿತು. ಭಾಮೈದ ಬಾಯಿ ತೆರೆದವನು ಮುಚ್ಚುವುದನ್ನು ಮರೆತಿದ್ದ.

"ಇವರು ಯಾವಾಗ ಕಲಿತರು?" ಎಂದು ಸಾಹೇಬರು ಪಕ್ಕದ ಗುಡಾಣನನ್ನು ಪಿಸುಮಾತಿನಲ್ಲಿ ಕೇಳಿದರು.

ಗುಡಾಣನಿಗೂ ಅದು ಹೊಳೆದದ್ದು ಆ ಗಳಿಗೆಯಲ್ಲೇ. ಆದರೂ ದೃಷ್ಟಿ ಕದಲಿಸದೆ, "ಒಂದು ವರ್ಷದಿಂದ ನಮ್ಮ ಬ್ಯಾಂಡಿನಲ್ಲೇ ಇದ್ದಾರೆ ಸಾರ್," ಎಂದ.

ಹೋಗುವಾಗ ನಿಧಾನ ನಡಿಗೆ, ಬರುವಾಗ ಚುರುಕು ನಡಿಗೆ. ಬ್ಯಾಂಡಿನ ಪದ್ಧತಿ ಅದು. ಗುಡಾಣ ಡೋಲಿಗೆ ಎರಡು ಪೆಟ್ಟು ಕೊಟ್ಟ. ಉಳಿದ ಪೈಪುಗಳೂ ದನಿಗೂಡಿಸಿದವು. ಸಾಲುಗಳು ಕಟ್ಟಿಕೊಂಡಾಗ ಮುಂದಿನ ಸಾಲಿನಲ್ಲಿ ಬಲಗಡೆಯ ಮೊದಲ ಜಾಗವನ್ನು ಯಾರೂ ತುಂಬಲಿಲ್ಲ. ನುಡಿಸುವುದನ್ನು ನಿಲ್ಲಿಸದೆಯೇ ಮೇಷ್ಟ್ರು ಆಕೆಯ ಜೊತೆ ಹೋಗಿ ಅಲ್ಲಿ ಸೇರಿಕೊಂಡರು. ಆಕೆ ಬಲತುದಿಗೆ, ಮೇಷ್ಟ್ರು ಒತ್ತಿನಲ್ಲಿ.

ಗೇಟಿನ ಬಳಿ ದಾರಿ ಬಲಕ್ಕೆ ತಿರುಗುತ್ತದೆ. ಅಲ್ಲಿ ಎಡತುದಿಯವರು ದಾಪುಗಾಲು ಹಾಕಬೇಕು; ಬಲತುದಿಯವರು ಹೆಚ್ಚುಕಡಿಮೆ ನಿಂತಲ್ಲೇ ಹೆಜ್ಜೆ ಹಾಕಬೇಕು. ಹೊಸಬರು ಎಡವುವುದೇ ಅಲ್ಲಿ. ಮೇಷ್ಟ್ರು ಹೇಳೋಣವೆಂದುಕೊಂಡರು, ಅಷ್ಟರಲ್ಲಿ ತಿರುವು ಬಂದುಬಿಟ್ಟಿತ್ತು. ಆಕೆ ಕೆನ್ನೆ ಉಬ್ಬಿಸಿಕೊಂಡೇ, ಸವೆದ ಚಪ್ಪಲಿಯಲ್ಲಿ ಅಂಗೈಯಗಲದ ಹೆಜ್ಜೆಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಇಟ್ಟರು. ಆಕೆಯನ್ನೇ ನೆಟ್ಟ ಗೂಟವಾಗಿ ಹಿಡಿದುಕೊಂಡು ಇಡೀ ಸಾಲು, ದಾರ ಹಿಡಿದಷ್ಟು ನೇರವಾಗಿ, ಬೀದಿಗೆ ತಿರುಗಿತು.