ಕನ್ನಡಿಗೆಂದು ಮಾಡಿಸಿದ ಗಡಿಯಾರ

ಕ್ಷೌರದಂಗಡಿಯವನು ದಿನವಿಡೀ ನಿಲ್ಲುವುದು ಗಿರಾಕಿಯ ಬೆನ್ನ ಹಿಂದೆ, ಮುಖ ಮಾಡುವುದು ಕನ್ನಡಿಗೆ. ಒಳಗೆ ಬಂದವರು ಯಾರು, ಬೀದಿಯಲ್ಲಿ ಜಗಳ ಕಾಯುತ್ತಿರುವವರು ಯಾರು, ಸರದಿಗೆ ಕೂತವರಲ್ಲಿ ಯಾರ ತಾಳ್ಮೆ ಕೆಡುತ್ತಿದೆ, ಎಲ್ಲವನ್ನೂ ಅವನು ಕನ್ನಡಿಯಲ್ಲೇ ನೋಡಿ ತಿಳಿಯಬೇಕು. ಮಾತುಮಾತಿಗೂ ಹಿಂದಿರುಗಿ ನೋಡುವಂತಿಲ್ಲ. ಕೈಯಲ್ಲಿ ಕತ್ತಿ ಇರುತ್ತದೆ, ಕತ್ತಿಯ ಕೆಳಗೆ ಇನ್ನೊಬ್ಬರ ಕುತ್ತಿಗೆ ಇರುತ್ತದೆ. ಅದಕ್ಕೇ ಅವನ ಅಪ್ಪ, ಅಂಗಡಿ ಹಾಕಿದ ಕಾಲದಲ್ಲೇ, ಗಡಿಯಾರ ರಿಪೇರಿಯವನ ಬೆನ್ನು ಬಿದ್ದು ಒಂದು ಉಲ್ಟಾ ಗಡಿಯಾರ ಮಾಡಿಸಿದ್ದ. ಅಂಕಿಗಳೆಲ್ಲ ತಿರುಗುಮುರುಗು, ಮುಳ್ಳುಗಳು ಎಡಕ್ಕೆ ಓಡುವಂಥವು. ಹಿಂದಿನ ಗೋಡೆಗೆ ತೂಗುಹಾಕಿದರೆ ಎದುರಿನ ಕನ್ನಡಿಯಲ್ಲಿ ನೆಟ್ಟಗೆ ಕಾಣುತ್ತಿತ್ತು. ಅಪ್ಪ ಹೋದ ಮೇಲೂ ಅದು ಓಡುತ್ತಲೇ ಇತ್ತು, ಮಗ ಅದನ್ನೇ ನೋಡಿಕೊಂಡು ಅಂಗಡಿ ನಡೆಸಿದ.

ಆ ಗಡಿಯಾರದಿಂದ ಯಾರಿಗೂ ಕೇಡಾಗಿರಲಿಲ್ಲ, ಚಿಲ್ಟಿಯ ತನಕ.

ಚಿಲ್ಟಿ ಅವನ ಮಗಳು, ಒಂದನೇ ತರಗತಿ. ಅವಳಿಗೆ ಬೇರೆ ಹೆಸರಿತ್ತು, ಅದು ಶಾಲೆಯ ಹಾಜರಿ ಕೂಗುವುದಕ್ಕೆ ಮಾತ್ರ. ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ, ಬರುವಾಗ ಕತ್ತಲಾಗುತ್ತಿತ್ತು. ಹಾಗಾಗಿ ಶಾಲೆ ಬಿಟ್ಟರೆ ಹುಡುಗಿ ನೇರ ಅಂಗಡಿಗೆ. ಅಲ್ಲಿ ಕೂದಲು ಬೀಳದ ಜಾಗ ಅಂದರೆ ಒಂದೇ, ಕನ್ನಡಿಯ ಕೆಳಗಿನ ಕಪಾಟಿಗೆ ತಾಗಿಸಿಟ್ಟ ಗಿಡ್ಡ ಸ್ಟೂಲು. ಅವಳು ಕನ್ನಡಿಗೆ ಬೆನ್ನು ಕೊಟ್ಟು ಕೂತು, ಎದುರು ಗೋಡೆಯ ಗಡಿಯಾರ ನೋಡಿ, ಅಪ್ಪನಿಂದ ಗಂಟೆ ಕಲಿತಳು. ಅವನು ಕತ್ತರಿ ಆಡಿಸುತ್ತಲೇ "ಈಗೆಷ್ಟು ಮರಿ?" ಅನ್ನುವನು. ಅವಳು ಹೇಳುವಳು. ಅವನು ಕನ್ನಡಿಯಲ್ಲಿ ನೋಡಿ "ಸರಿ" ಅನ್ನುವನು. ಗಿರಾಕಿಗಳು ಮೆಚ್ಚಿ ತಲೆದೂಗಿ, "ತಲೆ ಅಲ್ಲಾಡಿಸ್ಬೇಡಿ ಸ್ವಾಮಿ, ಕಿವಿ ಹೋಗತ್ತೆ" ಅಂತ ಬೈಸಿಕೊಳ್ಳುವರು. ಅವಳು ನೋಡಿದ್ದು ಗೋಡೆಯಲ್ಲಿ, ಅವನು ನೋಡಿದ್ದು ಕನ್ನಡಿಯಲ್ಲಿ. ಉತ್ತರ ಇಬ್ಬರದೂ ಒಂದೇ. ಅನುಮಾನ ಬರುವುದಾದರೂ ಹೇಗೆ?

ಒಂದು ದಿನ ಟೀಚರ್ ಅವನನ್ನು ಕರೆಸಿದರು. ಒಳ್ಳೆಯ ಹೆಂಗಸು, ಮಕ್ಕಳ ಮೂಗು ಒರೆಸಿ ಒರೆಸಿ ಸುಸ್ತಾದವರು. ಮಕ್ಕಳು ಬಿಡಿಸಿದ ಗಡಿಯಾರದ ಚಿತ್ರಗಳಲ್ಲಿ ಒಂದನ್ನು ಮುಂದಿಟ್ಟರು. ಹನ್ನೆರಡರ ಎಡಕ್ಕೆ ಒಂದು, ಅದರ ಕೆಳಗೆ ಎರಡು. ಅಂಕಿಗಳೂ ಅಷ್ಟೇ, ಕೋಪ ಮಾಡಿಕೊಂಡ ನಾದಿನಿಯರ ಹಾಗೆ ಬೆನ್ನು ತಿರುಗಿಸಿ ನಿಂತಿದ್ದವು.

"ಹುಡುಗಿ ಚೂಟಿ," ಅಂದರು ಟೀಚರ್. "ಆದ್ರೆ ಗೋಡೆ ಗಡಿಯಾರದಲ್ಲಿ ಮೂರಾದ್ರೆ ಒಂಬತ್ತು ಅಂತಾಳೆ. ನಮ್ಮದ್ರಲ್ಲಿ ಅಂಕಿ ಇಲ್ಲ, ಬರೀ ಗೀಟು. ಗಂಟೆ ಬಾರದ ಮಕ್ಕಳನ್ನ ಎರಡನೇ ಕ್ಲಾಸಿಗೆ ಕಳಿಸೋ ಹಾಗಿಲ್ಲ, ಇಲ್ಲಿಯ ನಿಯಮ ಅದು."

ಅವನು ಅಂಗಡಿಯ ಗಡಿಯಾರದ ಕತೆಯನ್ನು ಕೈ ತಿರುಗಿಸಿ ತಿರುಗಿಸಿ ವಿವರಿಸಿದ. ಟೀಚರ್ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮಲ್ಲಿ ನಿಜವಾಗ್ಲೂ ನೆಲವೇ ಡೊಂಕು ಅಂತ ನಂಬ್ತೀನಿ. ಆದ್ರೂ ನನಗೆ ಸರಿ ಉತ್ತರ ಬೇಕಾಗಿರೋದು ಅವಳ ಬಾಯಲ್ಲಿ. ಶನಿವಾರ ಮಕ್ಕಳಿಗೆ ರಜ, ನಮಗಿಲ್ಲ. ಹನ್ನೆರಡಕ್ಕೆ ಕರ್ಕೊಂಡು ಬನ್ನಿ. ಹನ್ನೆರಡೂವರೆಗೆ ನನಗೆ ಬಸ್ಸು. ಅವತ್ತೇ ಕಡೆ."

ಮನೆಯಲ್ಲಿ ಹೆಂಡತಿ ಕೇಳಿ ಸೊಂಟಕ್ಕೆ ಕೈಯಿಟ್ಟಳು. "ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ! ಮಗೂಗೆ ಕಲಿಸೋಕೆ ಬೇರೆ ಗಡಿಯಾರ ಸಿಗಲಿಲ್ವಾ ನಿಮಗೆ?"

"ನಾನೂ ಅದ್ರಲ್ಲೇ ಕಲಿತಿದ್ದು ಕಣೇ."

"ಗೊತ್ತಾಗತ್ತೆ ಬಿಡಿ."

ಚಿಲ್ಟಿ ಮಾತ್ರ ನಗಲಿಲ್ಲ. "ನನ್ನ ಪಕ್ಕ ಕೂರೋಳು ಎರಡನೇ ಕ್ಲಾಸಿಗೆ ಹೋಗ್ತಾಳೆ. ನಾನು ಸಣ್ಣ ಮಕ್ಕಳ ಜೊತೆ ಕೂರ್ಬೇಕಾ ಅಪ್ಪಾ?"

"ಯಾರು ಹೇಳಿದ್ದು? ಇಬ್ಬರೂ ಒಟ್ಟಿಗೇ ಹೋಗ್ತೀರಿ," ಅಂದ ಅವನು, ತನ್ನ ಕೈಯಲ್ಲಿರುವ ಕೆಲಸವೆಂಬಂತೆ.

ಮರುದಿನ ಅಪ್ಪನ ಗಡಿಯಾರವನ್ನು ಇಳಿಸಿ ಅಟ್ಟಕ್ಕೆ ಹಾಕಿದ. ಶಾಲೆಯದ್ದರಂತೆ ಬರೀ ಗೀಟಿರುವ ಗಡಿಯಾರವನ್ನೇ ಹುಡುಕಿ ತಂದು ಅದೇ ಮೊಳೆಗೆ ತೂಗಿದ. ಬಲ ಯಾವುದು ಎಂದು ಮರೆಯದಿರಲಿ ಎಂದು ಮಗಳ ಬಲಗೈಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿದ. "ಮುಳ್ಳು ಮೇಲಿಂದ ಹೊರಡೋದು ಈ ಕೈ ಕಡೆಗೆ. ತಿಳೀತಾ?"

ತಿಳಿಯಿತು, ಆದರೆ ತಲೆಯಲ್ಲಿ ಕೂರಲಿಲ್ಲ. ಸುಳಿ ಇರುವ ಕೂದಲು ಅವನಿಗೆ ಗೊತ್ತು. ನೀರು ಹಚ್ಚಿ ಬಾಚಿ ಒತ್ತಿದರೆ ಮಲಗುತ್ತದೆ, ಒಣಗಿದೊಡನೆ ಮತ್ತೆ ಎದ್ದು ನಿಲ್ಲುತ್ತದೆ. ಮಗಳ ತಲೆಯೊಳಗೂ ಅಂಥದೇ ಒಂದು ಸುಳಿ ಬಿದ್ದುಬಿಟ್ಟಿತ್ತು, ಬೀಳಿಸಿದವನು ತಾನೇ. ಗಿರಾಕಿ ಇಲ್ಲದಾಗಲೆಲ್ಲ ಗಡಿಯಾರದ ಮುಂದೆ ಅವಳ ಜೊತೆ ನಿಂತು ಹೇಳಿಕೊಟ್ಟ. ಅವಳು ಮೊದಲು ತಪ್ಪು ಹೇಳುವಳು, ರಬ್ಬರ್ ಬ್ಯಾಂಡ್ ನೋಡುವಳು, ತುಟಿ ಅಲ್ಲಾಡಿಸುವಳು, ತಿದ್ದಿಕೊಳ್ಳುವಳು. ವಾರ ಮುಗಿಯುವ ಹೊತ್ತಿಗೆ ಮೊದಲ ತಪ್ಪು ಬಾಯಿಂದ ಹೊರಬೀಳುವುದು ನಿಂತಿತು. ಶುಕ್ರವಾರ ಸಂಜೆ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿ, ತಾಯಿಯ ತೋಳಿಗೆ ಜೋತುಬಿದ್ದಳು.

ಎಡವಿದ್ದು ಅವನೇ, ಅದೂ ಕೆಲಸದ ನಡುವೆ. ನೆಟ್ಟಗಿರುವ ಹೊಸ ಗಡಿಯಾರ ಕನ್ನಡಿಯಲ್ಲಿ ಉಲ್ಟಾ, ಬೆಳಿಗ್ಗೆ ಒಂಬತ್ತಕ್ಕೆ ಕನ್ನಡಿ ಮೂರು ತೋರಿಸುವುದು. "ಏನಪ್ಪಾ, ಮಧ್ಯಾಹ್ನದ ಊಟ ಆಗ್ಲೇ ಮುಗೀತಾ?" ಎಂದು ಪಕ್ಕದ ಬೇಕರಿಯವನು ಗೇಲಿ ಮಾಡುವನು. ಅಂಥ ತಪ್ಪು ತಾನಾಗಿಯೇ ಕೂಗಿ ಹೇಳುತ್ತದೆ, ಯಾರೂ ಮೋಸ ಹೋಗುವುದಿಲ್ಲ. ಹನ್ನೆರಡರ ಆಸುಪಾಸಿನದು ಹಾಗಲ್ಲ. ಅದು ಸುಮ್ಮನಿರುತ್ತದೆ.

ಶನಿವಾರ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಚಿಲ್ಟಿ ಇಸ್ತ್ರಿ ಮಾಡಿದ ಫ್ರಾಕು ಹಾಕಿಕೊಂಡು ಸ್ಟೂಲಿನ ಮೇಲೆ ಗೊಂಬೆಯಂತೆ ಕೂತಿದ್ದಳು. ಇನ್ನೇನು ಏಪ್ರನ್ ಬಿಚ್ಚಬೇಕು, ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದು ಕುರ್ಚಿಯಲ್ಲಿ ಕುಸಿದ.

"ಲೈಸೆನ್ಸಿಗೆ ಫೋಟೋ ತೆಗೆಸ್ಬೇಕು ಮಾರಾಯ. ಗಡ್ಡ ಒಂದು ಎಳೆದುಬಿಡು."

"ಇವತ್ತಾಗಲ್ಲ. ಮಗಳ ಪರೀಕ್ಷೆ ಇದೆ, ಹನ್ನೆರಡಕ್ಕೆ."

"ಬೀದಿ ತುದೀಲಿ ಶಾಲೆ, ಪರದೇಶಕ್ಕೆ ಹೋಗೋ ಹಾಗೆ ಮಾಡ್ತೀಯಲ್ಲ! ಹೊತ್ತಿದೆ, ನೋಡು ಬೇಕಾದ್ರೆ."

ನೊರೆ ಹಚ್ಚಿದ. ಒಂದು ಕೆನ್ನೆ ಮುಗಿಯಿತು. ಕತ್ತಿ ಒರೆಸುತ್ತಾ, "ಚಿಲ್ಟಿ, ಗಂಟೆ ಎಷ್ಟು ಹೇಳು," ಅಂದ.

ಅವಳು ಕೈ ನೋಡಿಕೊಂಡಳು, ಗೋಡೆ ನೋಡಿದಳು. "ಹನ್ನೆರಡೂ ಹತ್ತು."

ಅವನು ಕಣ್ಣೆತ್ತಿ ಕನ್ನಡಿ ನೋಡಿದ. ಜೀವಮಾನವಿಡೀ ನೋಡಿದಂತೆಯೇ ನೋಡಿದ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವನು ಅಂಜಿದ್ದು ಹೊತ್ತಿಗಾಗಿ ಅಲ್ಲ, ಮಗಳಿಗಾಗಿ.

"ತಪ್ಪು. ದೊಡ್ಡ ಮುಳ್ಳು ಯಾವ ಕಡೆ ಇದೆ, ಸರಿಯಾಗಿ ನೋಡು."

"ಈ ಕಡೆ ಅಪ್ಪಾ. ಬಲಕ್ಕೆ."

"ಎಡಕ್ಕಿದೆ ಮರಿ. ಮತ್ತೆ ಹಳೇ ಚಾಳಿ ಹಿಡೀಬೇಡ, ಇವತ್ತೊಂದಿನ."

ಬೇಕರಿಯವನೂ ನೊರೆಯೊಳಗಿಂದ ಕನ್ನಡಿ ನೋಡಿ, "ಹೌದು ಪುಟ್ಟಾ, ಇನ್ನೂ ಹತ್ತು ನಿಮಿಷ ಇದೆ," ಅಂದ. ಇಬ್ಬರು ದೊಡ್ಡವರು, ಒಂದು ಮಗು.

ಚಿಲ್ಟಿ ಗಡಿಯಾರವನ್ನು ಮತ್ತೆ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಹನ್ನೆರಡಕ್ಕೆ ಹತ್ತು ನಿಮಿಷ ಇದೆ," ಅಂದಳು.

"ಹಾಂ! ಈಗ ಸರಿ ನೋಡು." ಅವನು ಇನ್ನೊಂದು ಕೆನ್ನೆಗೆ ಕತ್ತಿ ಇಟ್ಟ.

ಶಾಲೆಯ ಮೆಟ್ಟಿಲಲ್ಲಿ ಟೀಚರ್ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದರು. "ಹನ್ನೆರಡು ಅಂದಿದ್ನಲ್ಲಪ್ಪಾ?"

"ಆಗ್ತಾ ಬಂತಷ್ಟೇ ಮೇಡಂ," ಅಂದ ಅವನು ನಗುತ್ತಾ.

ಅವರು ಒಳಗಿನ ಗೋಡೆಯತ್ತ ಕೈ ತೋರಿಸಿದರು. ಹನ್ನೆರಡೂಕಾಲು ದಾಟಿತ್ತು. ಅಲ್ಲಿ ಕನ್ನಡಿ ಇರಲಿಲ್ಲ. ಆಗಿದ್ದೇನು ಎಂದು ಅವನಿಗೆ ಹೊಳೆದದ್ದು ಆಗಲೇ. ಮಗಳ ಕಡೆ ತಿರುಗಿದ. ಕೆಂಪು ರಬ್ಬರ್ ಬ್ಯಾಂಡ್ ಅವಳ ಎಡಗೈಯಲ್ಲಿತ್ತು. ಯಾವಾಗ ಬದಲಾಯಿಸಿಕೊಂಡಳೋ, ಅವನು ನೋಡಿರಲಿಲ್ಲ.

ಮಂಡಿಯೂರಿ ಕೂತ. "ಮರಿ, ನೀನು ಹೇಳಿದ್ದೇ ಸರಿ. ಹನ್ನೆರಡೂ ಹತ್ತೇ ಆಗಿತ್ತು. ನಾನು ಕನ್ನಡಿ ನೋಡಿ ಕೆಟ್ಟೆ. ತಪ್ಪು ನಂದು."

ಸೂಜಿ ಚುಚ್ಚಿದರೆ ನೋವಾಗಲ್ಲ ಎಂದು ದೊಡ್ಡವರು ಹೇಳಿದಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ ನೋಡಿದಳು. "ಇಲ್ಲ ಅಪ್ಪಾ. ನೀನು ತಪ್ಪು ಅಂದ್ಯಲ್ಲ."

"ಆಗ ಅಂದೆ ಮರಿ..."

"ಬೇಕರಿ ಮಾಮಾನೂ ಅಂದ್ರು."

ಅವನು ರಬ್ಬರ್ ಬ್ಯಾಂಡನ್ನು ಬಲಗೈಗೆ ಹಾಕಿದ. ಅವಳು ಸುಮ್ಮನೆ ಹಾಕಿಸಿಕೊಂಡಳು.

ಟೀಚರ್ ರಟ್ಟಿನ ಗಡಿಯಾರ ತೆಗೆದು ಮುಳ್ಳು ತಿರುಗಿಸಿದರು. "ಇದೆಷ್ಟು?" ಮೂರು ಗಂಟೆ, ಕುರುಡನೂ ತಡವಿ ಹೇಳುವಷ್ಟು ನೇರ. ಚಿಲ್ಟಿ ಒಮ್ಮೆ ಗಡಿಯಾರ ನೋಡಿದಳು, ಥಟ್ಟನೆ ಅಪ್ಪನ ಮುಖಕ್ಕೆ ಕಣ್ಣು ಹಾಕಿದಳು.

"ಅಪ್ಪನ್ನ ನೋಡ್ಬೇಡ ಚಿನ್ನಾ. ಮುಳ್ಳು ನೋಡು."

"ಮೂರು... ಒಂಬತ್ತು."

"ಎರಡರಲ್ಲಿ ಯಾವುದು?"

"ಅಪ್ಪ ಹೇಳಿದ್ದು."

"ನಿನ್ನೆ ಎಲ್ಲಾ ಬರ್ತಿತ್ತು ಮೇಡಂ," ಅಂದ ಅವನು, "ಇವತ್ತೂ ಬರ್ತಿತ್ತು. ನಾನೇ..."

"ಇರ್ಬಹುದು. ನೀವು ಸ್ವಲ್ಪ ಹೊರಗೆ ನಿಲ್ಲಿ. ನಿಮ್ಮ ಮುಖ ಓದ್ತಿದಾಳೆ ಅವಳು."

ಹೊರಗೆ ನಿಂತ. ಜನ ಕತ್ತಿಯ ಕೆಳಗೆ ಕುತ್ತಿಗೆ ಕೊಟ್ಟು ನಿದ್ದೆ ಹೋಗುವಷ್ಟು ನಂಬಿದ ಕೈಗಳು ಈಗ ಎಲ್ಲಿಡಬೇಕೆಂದು ತೋಚದೆ ಜೇಬಿಗೂ ಬೆನ್ನಿಗೂ ಓಡಾಡಿದವು. ಒಳಗೆ ರಟ್ಟಿನ ಮುಳ್ಳು ಕರಕರ ತಿರುಗುವುದು ಕೇಳಿತು. ಟೀಚರ್ ಕೇಳುವುದು ಕೇಳಿತು. ಉತ್ತರಕ್ಕಾಗಿ ಬಾಗಿಲಿಗೆ ಕಿವಿ ಕೊಟ್ಟ. ಮತ್ತೆ ಕರಕರ, ಮತ್ತೆ ಪ್ರಶ್ನೆ. ಒಳಗೆ ಹೋಗಿ ಆ ಮುಳ್ಳನ್ನು ಕಿತ್ತೊಗೆಯಬೇಕು ಅನ್ನಿಸಿತು. ಹೋಗಲಿಲ್ಲ. ಹೋಗಿ ಹೇಳುವುದಾದರೂ ಏನು? ತಾನು ಏನು ಹೇಳಿದರೂ ಅದನ್ನು ನಂಬುವ ಮಗಳು ಒಳಗಿದ್ದಳು, ಕೇಡೆಲ್ಲ ಆದದ್ದು ಅದರಿಂದಲೇ.

ಟೀಚರ್ ಹೊರಗೆ ಬಂದು ಕೋಣೆಗೆ ಬೀಗ ಹಾಕಿದರು. ಚಿಲ್ಟಿಯ ತಲೆ ಸವರಿದರು. "ಇನ್ನೊಂದು ವರ್ಷ ನನ್ನ ಹತ್ರಾನೇ ಇರಲಿ ಬಿಡಿ. ಮುಳುಗಿ ಹೋಗೋದೇನಿಲ್ಲ." ಅವರ ಕಣ್ಣು ಆಗಲೇ ರಸ್ತೆಯ ಮೇಲಿತ್ತು. ಬಸ್ಸು ಹಾರ್ನ್ ಮಾಡಿತು, ಅವರು ಸೆರಗು ಬಿಗಿದುಕೊಂಡು ಓಡಿದರು.

ಅಪ್ಪ ಮಗಳು ಗೇಟಿನ ತನಕ ನಡೆದರು. ಅಲ್ಲಿ ಚಿಲ್ಟಿ ಅವನ ಬೆರಳು ಜಗ್ಗಿದಳು.

"ಅಪ್ಪಾ, ನೀನು ಹೊರಗೆ ಹೋದ್ಮೇಲೆ ನಾನು ಒಂದೂ ತಪ್ಪು ಹೇಳಲಿಲ್ಲ."

"ಮತ್ತೆ ಏನು ಹೇಳ್ದೆ ಮರಿ?"

"ಏನೂ ಹೇಳಲೇ ಇಲ್ಲ," ಅಂದಳು ಅವಳು, ಗೆದ್ದು ಬಂದವಳ ಹಾಗೆ ಅವನ ಮುಖ ನೋಡುತ್ತಾ.