ಔಷಧಿ ಅನ್ನಬಾರದು

ಹೂಗ್ಯಂ ಕಡೆ ಹೊಲ ಇರುವವರ ಮನೆಯಲ್ಲಿ ಎರಡು ಥರದ ಔಷಧಿ ಇರುತ್ತದೆ. ಒಂದು ಮನುಷ್ಯರಿಗೆ, ಇನ್ನೊಂದು ಬೆಳೆಗೆ. ಎರಡಕ್ಕೂ ಹೆಸರು ಒಂದೇ, ಆದರೂ ಯಾರಿಗೂ ಗೊಂದಲವಿಲ್ಲ. ಔಸ್ದಿ ತಕಂಡ ಅಂದರೆ ಜ್ವರ, ಔಸ್ದಿ ಒಡೆದ ಅಂದರೆ ಜೋಳ, ಔಸ್ದಿ ಕುಡಿದ ಅಂದರೆ ಪೊಲೀಸು. ಅಜ್ಜಂದಿರ ಕಾಲದಿಂದಲ್ಲದಿದ್ದರೂ ಅಪ್ಪಂದಿರ ಕಾಲದಿಂದ ಊರು ಹೀಗೇ ಮಾತಾಡಿಕೊಂಡು ಬಂದಿದೆ.

ಇದಕ್ಕೆ ಕಲ್ಲು ಹಾಕಿದವರು ಶಾಂತಮೂರ್ತಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಆ ವರ್ಷ ಒಂಬತ್ತನೇ ಕ್ಲಾಸಿಗೆ ಪರಿಸರ ವಿಜ್ಞಾನ ಅಂತ ಹೊಸ ಪೀರಿಯಡ್ ಬಂದಿತ್ತು. ಬೇರೆಯವರಾಗಿದ್ದರೆ ನಾಲ್ಕು ಗಿಡ ನೆಡಿಸಿ ಫೋಟೋ ತೆಗೆಸಿ ಮುಗಿಸುತ್ತಿದ್ದರು. ಇವರು ಒಂದು ದಿನ ಖಾಲಿ ಬಾಟಲಿ ತಂದು ಮೇಜಿನ ಮೇಲಿಟ್ಟು, ಅದರ ಮೇಲಿನ ತ್ರಿಕೋನ ತೋರಿಸಿದರು. ಹಸಿರು, ನೀಲಿ, ಹಳದಿ ಅಂತ ಇರುತ್ತದೆ, ಕೆಂಪಿದ್ದರೆ ಎಲ್ಲಕ್ಕಿಂತ ಘೋರ ಅಂದರು. ಇದರಲ್ಲಿ ಏನಿತ್ತು ಅಂತ ಕೇಳಿದ್ದಕ್ಕೆ ಇಡೀ ಕ್ಲಾಸು "ಔಸ್ದಿ ಸಾ" ಅಂದಿತು. ಮೇಷ್ಟ್ರಿಗೆ ರೇಗಿಹೋಯಿತು. ಔಷಧಿ ವಾಸಿ ಮಾಡುತ್ತದೆ, ಇದು ಕೊಲ್ಲುತ್ತದೆ, ಹೆಸರು ನಯವಾಗಿರುವುದಕ್ಕೇ ನಿಮ್ಮಪ್ಪಂದಿರು ಇದನ್ನು ಬರಿಗೈಯಲ್ಲಿ ಕಲಸುತ್ತಾರೆ ಎಂದರು. ಇವತ್ತಿನಿಂದ ಔಷಧಿ ಅನ್ನಬಾರದು, ವಿಷ ಅನ್ನಬೇಕು ಎಂದು ಒಬ್ಬೊಬ್ಬರ ಕೈಲೂ ಹೇಳಿಸಿದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮಿಕ್ಕ ಮಕ್ಕಳು ಆ ಪಾಠವನ್ನು ಗೇಟಿನ ಹತ್ತಿರವೇ ಬಿಟ್ಟು ಬಸ್ಸು ಹತ್ತಿದರು. ಕವಿತ ಅದನ್ನು ಮನೆಗೆ ತಂದಳು. ಅವಳು ಹೇಳಿಕೊಟ್ಟದ್ದನ್ನು ಗಂಟು ಹಾಕಿಕೊಳ್ಳುವ ಹುಡುಗಿ. ಅಪ್ಪ ಮಾದೇಶ ಔಸ್ದಿ ಅಂದಾಗಲೆಲ್ಲ "ವಿಷ ಅನ್ನಪ್ಪ" ಎಂದು ತಿದ್ದಿದಳು. ಮಾದೇಶನಿಗೆ ಮಗಳೆಂದರೆ ಪ್ರಾಣ. ರಾಮಾಪುರದ ಅಂಗಡಿಯಲ್ಲಿ ಒಂದು ಲೀಟರ್ ವಿಷ ಕೊಡಪ್ಪ ಅಂತ ಕೇಳಿದೆ, ಅಂಗಡಿಯವನು ಕೂರಿಸಿ ನೀರು ಕೊಟ್ಟು ಬುದ್ಧಿ ಹೇಳಿದ ಎಂದು ಸುಳ್ಳು ಕಟ್ಟಿ ನಗಿಸುತ್ತಿದ್ದ. ಅಜ್ಜಿ ಕೆಂಪಾಜಮ್ಮನಿಗೆ ಮಾತ್ರ ನಗು ಬರಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಬಾಯಿಂದ ಬಿದ್ದದ್ದಕ್ಕೆಲ್ಲ ಅಸ್ತು ಅಂದುಬಿಡುತ್ತಾರೆ ಎಂದು ಗದರಿದಳು. ಅದೆಲ್ಲ ಮೂಢನಂಬಿಕೆ ಎಂದು ಕವಿತ ಅಜ್ಜಿಗೂ ಪಾಠ ಮಾಡಿದಳು.

ಮುಸುಕಿನ ಜೋಳಕ್ಕೆ ಹುಳ ಬಿತ್ತು. ಅಮ್ಮ ಸುವರ್ಣಮ್ಮ ತಮ್ಮನ ಮಗುವಿನ ನಾಮಕರಣಕ್ಕೆಂದು ಯಳಂದೂರಿನ ತವರಿಗೆ ಹೋಗಿದ್ದಳು. ಹುಳ ಕಾಯುವುದಿಲ್ಲವೆಂದು ಮಾದೇಶ ಉಳಿದುಕೊಂಡ. ಭಾನುವಾರ ಅವನು ಹೊಡೆಯುತ್ತಿದ್ದ, ಕವಿತ ನೀರು ತಂದು ಕೊಡುತ್ತಿದ್ದಳು. ಜೋಳ ಆಳೆತ್ತರ ಬೆಳೆದಿತ್ತು. ಮೇಲಕ್ಕೆ ಹೊಡೆದದ್ದು ಅರ್ಧ ಗರಿಗೆ, ಅರ್ಧ ಅವನ ಮೈಗೇ ಬೀಳುತ್ತಿತ್ತು. ಸಾಲದ್ದಕ್ಕೆ ಬೆನ್ನಿನ ಕ್ಯಾನು ಮುಚ್ಚಳದ ಹತ್ತಿರ ಸೋರಿ ಅಂಗಿಯೆಲ್ಲ ಬೆನ್ನಿಗೆ ಅಂಟಿಕೊಂಡಿತ್ತು. ಸಾಕು ಬಾಪ್ಪ ಎಂದಳು ಕವಿತ. ಇನ್ನೊಂದೇ ಕ್ಯಾನು ಎಂದ ಅವನು. ಆ ಕ್ಯಾನು ಮುಗಿಯಲಿಲ್ಲ. ಕಣ್ಣು ಕಾಣ್ತಿಲ್ಲ ಕಣವ್ವ ಎಂದವನು ವಾಂತಿ ಮಾಡಿಕೊಂಡು ಬದುವಿನ ಮೇಲೆ ಕುಸಿದ. ಬಾಯಲ್ಲಿ ನೊರೆ ಬಂತು.

ಪಕ್ಕದ ಹೊಲದ ರಂಗನಾಯಕ ಅವನನ್ನು ತನ್ನ ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು, ಹನೂರು ದಾಟಿ ಕೊಳ್ಳೇಗಾಲದ ಒಂದು ನರ್ಸಿಂಗ್ ಹೋಮಿಗೆ ತಂದ. ಬಾಗಿಲಲ್ಲೇ ಡಾಕ್ಟರು ಏನಾಯಿತೆಂದು ಕೇಳಿದರು. ಔಸ್ದಿ ಒಡೀವಾಗ ಎಂದು ರಂಗನಾಯಕ ಶುರು ಮಾಡುವಷ್ಟರಲ್ಲಿ ಕವಿತ ಅವನ ಮಾತು ತಡೆದಳು. ಓದಿದವರ ಮುಂದೆ ಸರಿಯಾದ ಮಾತು ಆಡಬೇಕು, ಆಗಲೇ ಅಪ್ಪನಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ ಎಂದು ಅವಳ ನಂಬಿಕೆ.

"ಔಸ್ದಿ ಅಲ್ಲ ಸಾರ್, ವಿಷ. ಕೆಂಪು ತ್ರಿಕೋನದ್ದು."

"ತಗೊಂಡು ಎಷ್ಟು ಹೊತ್ತಾಯ್ತು?"

ಕ್ಯಾನು ಬೆನ್ನಿಗೆ ತಗೊಂಡದ್ದನ್ನು ಕೇಳುತ್ತಿದ್ದಾರೆ ಎಂದುಕೊಂಡಳು. "ಊಟಕ್ಕೆ ಮುಂಚೆ ಸಾರ್" ಅಂದಳು.

ಅಷ್ಟೇ ಮಾತು. ಅವಳನ್ನು ಹೊರಗೆ ಕೂರಿಸಿ, ಒಳಗೆ ಮಾದೇಶನ ಮೂಗಿಗೆ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ನೆಂದ ಅಂಗಿ ಬಿಚ್ಚಿ ಮೈ ತೊಳೆದದ್ದು ಸಂಜೆಯ ಮೇಲೆ. ಕುಡಿದವನ ಬೆನ್ನನ್ನು ಯಾರು ನೋಡುತ್ತಾರೆ? ಸುವರ್ಣಮ್ಮ ಯಳಂದೂರಿನಿಂದ ಓಡಿ ಬಂದಾಗ ಅವನಿಗೆ ಪ್ರಜ್ಞೆಯಿರಲಿಲ್ಲ. ಮೂರನೇ ದಿನ ತೀರಿಕೊಂಡ. ವಿಷ ಸೇವನೆ ಎಂದು ಬರೆದ ಕಾಗದಕ್ಕೆ ರಂಗನಾಯಕ ಆಸ್ಪತ್ರೆಗೆ ಸೇರಿಸಿದ ದಿನವೇ ಗಾಬರಿಯಲ್ಲಿ ಓದದೆ ಸೈನು ಹಾಕಿದ್ದ, ಪೊಲೀಸರೂ ಅದನ್ನೇ ಬರೆದುಕೊಂಡರು.

ಊರ ಬಾಯಿಗೆ ಬೀಗ ಎಲ್ಲಿದೆ? ಹೆಂಡತಿ ತವರಿಗೆ ಹೋಗಿದ್ದಾಳೆ, ಗಂಡ ವಿಷ ಕುಡಿದಿದ್ದಾನೆ. ಇವೆರಡನ್ನು ಹೊಸೆದು ಹಗ್ಗ ಮಾಡುವುದು ಎಷ್ಟು ಹೊತ್ತಿನ ಕೆಲಸ? ದುರ್ಮರಣ ಎಂದು ಕುಲದ ಯಜಮಾನರು ಹಿರಿಯರ ಪಕ್ಕದಲ್ಲಿ ಮಣ್ಣು ಮಾಡಲು ಬಿಡಲಿಲ್ಲ, ಹಳ್ಳದ ಅಂಚಿನಲ್ಲಿ ಸುಟ್ಟರು. ಕೆಂಪಾಜಮ್ಮ ಸೊಸೆಯ ಕೈ ಅನ್ನ ಮುಟ್ಟುವುದನ್ನು ಬಿಟ್ಟು ತನ್ನ ಮುದ್ದೆ ತಾನೇ ಬೇಯಿಸಿಕೊಂಡಳು. ಸುವರ್ಣಮ್ಮ ನಲ್ಲಿ ಹತ್ತಿರ ಹೋದರೆ ಅಲ್ಲಿದ್ದ ಹೆಂಗಸರು ಬಾಯಿ ಮುಚ್ಚಿಕೊಂಡು ಕೊಡ ಸರಿಸುತ್ತಿದ್ದರು. ಗಂಡನನ್ನು ಕಳೆದುಕೊಂಡವಳನ್ನು ಅವನನ್ನು ಕೊಂದವಳಂತೆ ನೋಡುವ ಆ ಕಣ್ಣುಗಳನ್ನು ಕಂಡರೆ ಎಂಥವರಿಗೂ ಸಿಟ್ಟು ಬರಬೇಕು. ಊರಲ್ಲಿ ಯಾರಿಗೂ ಬರಲಿಲ್ಲ.

ಕವಿತ ಮನೆಮನೆಗೆ ಹೋಗಿ ಹೇಳಿದಳು. ಅಪ್ಪ ಕುಡಿಯಲಿಲ್ಲ, ಕ್ಯಾನು ಸೋರುತ್ತಿತ್ತು, ನಾನು ಜೊತೆಯಲ್ಲೇ ಇದ್ದೆ ಎಂದಳು. ಪಾಪ, ಅಮ್ಮನ ಮಾನ ಉಳಿಸುತ್ತಿದೆ ಕೂಸು ಎಂದು ಜನ ತಲೆ ಸವರಿ ಕಳಿಸಿದರು. ರಂಗನಾಯಕ ತಾನು ಕಂಡದ್ದು ಬಿದ್ದವನನ್ನು ಮಾತ್ರ, ಮುಂಚಿನದು ಗೊತ್ತಿಲ್ಲ ಎಂದ. ಅದೂ ಸುಳ್ಳಲ್ಲ. ಕೊನೆಗೆ ಅವಳು ಮೇಷ್ಟ್ರ ಹತ್ತಿರ ಹೋದಳು. ಕೇಳುತ್ತಾ ಕೇಳುತ್ತಾ ಶಾಂತಮೂರ್ತಿ ಬೆಂಚಿನ ಮೇಲೆ ಕೂತುಬಿಟ್ಟರು. ಅವತ್ತೇ ಅವಳನ್ನು ಕರೆದುಕೊಂಡು ಠಾಣೆಗೆ ಹೋಗಿ, ತಾವು ಮಾಡಿದ ಪಾಠವನ್ನು ಸಬ್ ಇನ್ಸ್‌ಪೆಕ್ಟರ ಮುಂದೆ ಮತ್ತೆ ಮಾಡಿದರು. ಸಬ್ ಇನ್ಸ್‌ಪೆಕ್ಟರು ತಾಳ್ಮೆಯಿಂದಲೇ ಕೇಳಿ ಕವಿತಳ ಕಡೆ ತಿರುಗಿದರು.

"ಆಗ ಹೇಳಿದ್ದು ನಿಜಾನಾ, ಈಗ ಹೇಳ್ತಿರೋದು ನಿಜಾನಾ ಮಗು?"

"ಎರಡೂ ನಿಜ ಸಾರ್."

ಅವರು ಪೆನ್ನು ಕೆಳಗಿಟ್ಟರು. ಮೈಸೂರಿನಿಂದ ಪೋಸ್ಟ್‌ಮಾರ್ಟಮ್ಮಿನ ಲ್ಯಾಬ್ ರಿಪೋರ್ಟು ಬರಲಿ, ನೋಡೋಣ, ಯಾವಾಗ ಬರುತ್ತದೋ ಹೇಳಕ್ಕಾಗಲ್ಲ ಎಂದರು. ಬಸ್‌ಸ್ಟ್ಯಾಂಡಿನವರೆಗೂ ಬಂದು ಮೇಷ್ಟ್ರು ಅವಳನ್ನು ಬಸ್ಸು ಹತ್ತಿಸಿದರು. ಮುಂದಿನ ವಾರ ಮಣ್ಣಿನ ಸವಕಳಿ ಪಾಠ ಮಾಡಿದರು, ಅವಳ ಬೆಂಚಿನ ಕಡೆ ನೋಡದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಕವಿತಳಿಗೆ ಒಂದು ಧೈರ್ಯವಿತ್ತು. ಊರು ಏನೇ ಅನ್ನಲಿ, ಅಮ್ಮನಿಗೆ ಗೊತ್ತು, ಅಮ್ಮ ಒಬ್ಬಳು ನಂಬಿದರೆ ಸಾಕು. ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಸುವರ್ಣಮ್ಮ ಅವಳನ್ನು ಹತ್ತಿರ ಕರೆದಳು.

"ಕವ್ವಿ, ನಿಮ್ಮಪ್ಪ ಕುಡೀವಾಗ ನೀ ನೋಡುದ್ಯಾ?"

ಕವಿತ ಅಮ್ಮನ ಮುಂದೆ ಕುಕ್ಕರಿಸಿದಳು. "ಕುಡೀಲೇ ಇಲ್ಲ ಕಣಮ್ಮ. ಎಷ್ಟು ಸಲ ಏಳ್ಳಿ ನಿಂಗೆ?"

"ಅವತ್ತು ಬೆಳಗ್ಗೆ ಫೋನ್ ಮಾಡಿದ್ರು. ತಮ್ಮನ ಮನೆ ಕಾರ್ಯಕ್ಕೂ ಬರ್ನಿಲ್ವಲ್ಲ ಅಂತ ನಂಗೂ ಸಿಟ್ಟು. ನೀ ಇದ್ರೆಷ್ಟು ಓದ್ರೆಷ್ಟು ಅಂದ್ಬುಟ್ಟೆ. ಏನೂ ಅನ್ನದೆ ಫೋನ್ ಮಡುಗ್ಬುಟ್ರು ಕಣೆ."

ಕವಿತ ಅಮ್ಮನ ಬೂದಿ ಮೆತ್ತಿದ ಕೈ ಹಿಡಿದುಕೊಂಡು ಎಲ್ಲವನ್ನೂ ಮೊದಲಿಂದ ಹೇಳಿದಳು. ಫೋನು ಇಟ್ಟ ಮೇಲೆ ಅಪ್ಪ "ನಿಮ್ಮಮ್ಮ ಸಿಟ್ನಲ್ಲಿ ಉರ್ಕತಾವಳೆ, ಅವ್ಳು ಬರ್ವಾಗ ಸೀರೆ ತಂದ್ಕೊಡ್ಬೇಕು" ಎಂದು ನಕ್ಕಿದ್ದನ್ನು, ನೆಂದ ಬೆನ್ನನ್ನು, ಸಾಕು ಬಾಪ್ಪ ಅಂದದ್ದನ್ನು ಹೇಳಿದಳು. ಸಾಯುವವನು ಇನ್ನೊಂದು ಕ್ಯಾನು ಹೊಡೀತೀನಿ ಅಂತಾನಾ ಎಂದು ಅಳುತ್ತಾ ಕೇಳಿದಳು. ಸುವರ್ಣಮ್ಮ ಒಂದನ್ನೂ ಬಿಡದೆ ಕೇಳಿಸಿಕೊಂಡು, ಸೆರಗಿನಲ್ಲಿ ಮಗಳ ಮುಖ ಒರೆಸಿದಳು.

"ನಂಗೋಸ್ಕರ ಸುಳ್ಳು ಕಲೀಬ್ಯಾಡ ಮಗ. ಆಸ್ಪತ್ರೇಲಿ ನೀ ನಿಜಾನೇ ಏಳ್ದೆ. ನಿನ್ ತಪ್ಪೇನಿಲ್ಲ."

ಅಷ್ಟು ಹೇಳಿ ಅವಳು ಮತ್ತೆ ಪಾತ್ರೆಗೆ ಕೈ ಹಾಕಿದಳು.